ಹಳೆಯ ಜಿ41 ಮದರ್‌ಬೋರ್ಡಿನಲ್ಲಿ 4 ಟಿಬಿ ಹಾರ್ಡ್‌ಡಿಸ್ಕ್ ಕಾಣುತ್ತಿಲ್ಲ, ಬೋರ್ಡ್ ಬದಲಿಸಬೇಕಾ?

ಬ್ಯಾಡ್ರಿ, ಸದ್ಯಕ್ಕಂತೂ ಬ್ಯಾಡ. ಬೋರ್ಡಿನ ಮೇಲೆ ತಪ್ಪು ಹೊರಿಸುವ ಮೊದಲು ನೋಡಬೇಕಾದ ಒಂದು ಕಿತ್ತಳೆ ಬಣ್ಣದ ತಂತಿ ಇದೆ.

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಗದಗದಲ್ಲಿ ಡಿಟಿಪಿ ಅಂಗಡಿ. ಇಂಟೆಲ್ ಜಿ41 ಬೋರ್ಡ್, 64 ಬಿಟ್ ವಿಂಡೋಸ್ 7. ಪೇಜ್‌ಮೇಕರ್, ನುಡಿ, ಹಳೆಯ ಸ್ಕ್ಯಾನರ್ ಎಲ್ಲ ಅದರಲ್ಲೇ ನಡೆಯುವುದರಿಂದ ಯಂತ್ರ ಬಿಡುವ ಹಾಗಿಲ್ಲ. 500 ಜಿಬಿ ತುಂಬಿತೆಂದು ಸರ್ವರ್‌ನಿಂದ ಬಿಚ್ಚಿದ 4 ಟಿಬಿ ಸಾಟಾ ಡಿಸ್ಕ್ ತರಿಸಿದ್ದೀರಿ. ಸಿಪಿಯು ಡಬ್ಬಿಯೊಳಗೆ ಕೂರಿಸಿದರೆ ಬಯೋಸ್‌ನಲ್ಲಿ (ಯಂತ್ರ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಅದರ ಹೆಸರೇ ಇಲ್ಲ, ಯುಎಸ್‌ಬಿ ಡಾಕ್‌ಗೆ (ಡಿಸ್ಕನ್ನು ಹೊರಗಿನಿಂದ ಜೋಡಿಸುವ ಸಾಧನ) ಸಿಗಿಸಿದರೆ ಸರಿಯಾಗಿ ಬರುತ್ತದೆ. ಅಂಗಡಿಯವರು "ಹಳೇ ಬೋರ್ಡು 2 ಟಿಬಿ ಮೇಲೆ ತಗೊಳಂಗಿಲ್ಲ" ಅಂದಿದ್ದಾರೆ.

2 ಟಿಬಿ ಮಿತಿ ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಆ ಮಿತಿಗೆ ಸಿಕ್ಕಿದ ಡಿಸ್ಕ್ ಸಾಮಾನ್ಯವಾಗಿ ತಪ್ಪು ಅಳತೆ ತೋರಿಸುತ್ತದೆಯೇ ಹೊರತು ಬಯೋಸ್ ಪಟ್ಟಿಯಿಂದ ಪೂರಾ ಮಾಯವಾಗುವುದಿಲ್ಲ. ಡಾಕ್‌ನಲ್ಲಿ ಬಂದು ಒಳಗೆ ಬಾರದ ಡಿಸ್ಕ್, ಅದರಲ್ಲೂ ಸರ್ವರ್ ಮಾಲು ಎಂದರೆ ನನ್ನ ಮೊದಲ ಅನುಮಾನ ಕರೆಂಟಿನ ಕನೆಕ್ಟರ್ ಮೇಲೆ.

ಮೊದಲು ಡಿಸ್ಕ್ ತಿರುಗುತ್ತಿದೆಯೇ ನೋಡಿ. ಯಂತ್ರ ಆಫ್ ಮಾಡಿ, ಹಿಂದಿನ ವೈರ್ ತೆಗೆದು, ಹೊಸ ಡಿಸ್ಕಿಗೆ ಪವರ್ ಕನೆಕ್ಟರ್ ಮಾತ್ರ ಹಾಕಿ. ಡೇಟಾ ಕೇಬಲ್ ಬೇಡ. ಡಿಸ್ಕನ್ನು ಮರದ ಮೇಜಿನ ಮೇಲೋ ಮಡಚಿದ ಪೇಪರ್ ಮೇಲೋ ಇಡಿ. ಸರ್ಕಿಟ್ ಇರುವ ಮಗ್ಗುಲು ಡಬ್ಬಿಯ ಕಬ್ಬಿಣಕ್ಕೆ ತಾಗಬಾರದು. ಮೇಲೆ ಎರಡು ಬೆರಳಿಟ್ಟು ಯಂತ್ರ ಆನ್ ಮಾಡಿಸಿ. ಸರಿಯಿರುವ 7200 ಆರ್‌ಪಿಎಂ ಡಿಸ್ಕ್ ಕೆಲವೇ ಸೆಕೆಂಡಿನಲ್ಲಿ ಗುಂಯ್‌ಗುಡುವುದು ಬೆರಳಿಗೆ ತಿಳಿಯುತ್ತದೆ. ಕಲ್ಲಿನ ಹಾಗೆ ಸುಮ್ಮನೆ ಬಿದ್ದಿದ್ದರೆ ಬಯೋಸ್, ವಿಂಡೋಸ್, ಡ್ರೈವರ್ ಯಾವುದರ ತಂಟೆಗೂ ಹೋಗಬೇಡಿ.

ಕಾರಣ ಹೀಗಿದೆ. ಸಾಟಾ ಪವರ್ ಕನೆಕ್ಟರ್‌ನಲ್ಲಿ 15 ಪಿನ್ ಇವೆ. 1, 2, 3ನೇ ಪಿನ್‌ಗಳು ಮೊದಲಿನಿಂದ 3.3 ವೋಲ್ಟ್‌ಗೆ ಮೀಸಲಾಗಿದ್ದವು. ದೊಡ್ಡ ಡಿಸ್ಕ್‌ಗಳು ಅದನ್ನು ಬಳಸುತ್ತಲೇ ಇರಲಿಲ್ಲ. 2016ರ ಸಾಟಾ 3.3 ನಿಯಮದಲ್ಲಿ 3ನೇ ಪಿನ್‌ಗೆ ಬೇರೆ ಕೆಲಸ ಕೊಟ್ಟರು. ಅದರ ಮೇಲೆ ವೋಲ್ಟೇಜ್ ಬಂದರೆ "ಆಫ್ ಆಗು" ಎಂಬ ಆಜ್ಞೆ. ಸಾವಿರಾರು ಡಿಸ್ಕ್ ಇರುವ ಡೇಟಾ ಸೆಂಟರ್‌ನಲ್ಲಿ ಕೈ ಹಚ್ಚದೆ ಒಂದನ್ನು ಆಫ್ ಮಾಡಿ ಎಬ್ಬಿಸಲು ಇದು ಅನುಕೂಲ. ನಿಮ್ಮ ಹಳೆಯ ಎಸ್‌ಎಂಪಿಎಸ್‌ಗೆ (ಡಬ್ಬಿಯೊಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಇದ್ಯಾವುದೂ ಗೊತ್ತಿಲ್ಲ. ಅದು ಹಳೆಯ ಪದ್ಧತಿಯಂತೆ 3.3 ವೋಲ್ಟ್ ಬಿಡುತ್ತಲೇ ಇರುತ್ತದೆ, ಡಿಸ್ಕ್ ಆಜ್ಞೆ ಪಾಲಿಸಿ ಮಲಗಿಯೇ ಇರುತ್ತದೆ. ಬಹಳಷ್ಟು ಡಾಕ್‌ಗಳು 5 ಮತ್ತು 12 ವೋಲ್ಟ್ ಮಾತ್ರ ಕೊಡುವುದರಿಂದ ಅಲ್ಲಿ ಈ ತಕರಾರಿಲ್ಲ.

ಎಸ್‌ಎಂಪಿಎಸ್‌ನ ಸಾಟಾ ಕನೆಕ್ಟರ್‌ಗೆ ಎಷ್ಟು ತಂತಿ ಬಂದಿವೆ ಎಣಿಸಿ. ಹಳದಿ (12 ವೋಲ್ಟ್), ಕಪ್ಪು, ಕೆಂಪು (5 ವೋಲ್ಟ್), ಕಪ್ಪು, ಹೀಗೆ ನಾಲ್ಕೇ ಇದ್ದರೆ ಮೇಲಿನ ಅನುಮಾನ ಬಿಡಿ. ಐದನೆಯದಾಗಿ ಕಿತ್ತಳೆ ತಂತಿ ಇದ್ದರೆ ಅದೇ 3.3 ವೋಲ್ಟ್. ಬಿಡಿಸಿಕೊಳ್ಳಲು ಮೂರು ದಾರಿ.

ನನಗೆ ಹಿಡಿಸುವುದು ಟೇಪ್. ಮೊಬೈಲ್ ರಿಪೇರಿಯವರ ಹತ್ತಿರ ಜೇನುಬಣ್ಣದ, ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಇರುತ್ತದೆ, ಒಂದು ತುಂಡು ಕೇಳಿದರೆ ಸಾಕು. ಡಿಸ್ಕಿನ ಅಗಲವಾದ ಕನೆಕ್ಟರ್ ಪವರ್‌ದು, ಸಣ್ಣದು ಡೇಟಾದ್ದು. ಪವರ್ ಸಾಲಿನಲ್ಲಿ ಡೇಟಾ ಕನೆಕ್ಟರ್‌ಗೆ ಹತ್ತಿರವಿರುವ ತುದಿಯೇ 1ನೇ ಪಿನ್. ಪಿನ್‌ನಿಂದ ಪಿನ್‌ಗೆ 1.27 ಮಿ.ಮೀ. ಇರುವುದರಿಂದ ಮೂರೂ ಪಿನ್ ಮುಚ್ಚಲು ಸುಮಾರು 3.5 ಮಿ.ಮೀ. ಅಗಲದ ಪಟ್ಟಿ ಬೇಕು. 3ನೆಯದೊಂದನ್ನೇ ಮುಚ್ಚಲು ಕಣ್ಣು ನೋಯಿಸಿಕೊಳ್ಳಬೇಡಿ, ಮೂರನ್ನೂ ಮುಚ್ಚಿದರೆ ಏನೂ ಕೆಡುವುದಿಲ್ಲ. ಚಿಮಟದಿಂದ ಅಂಟಿಸಿ, ಉಗುರಿನಿಂದ ಒತ್ತಿ, ತುದಿಯನ್ನು ಪ್ಲಾಸ್ಟಿಕ್ ನಾಲಿಗೆಯ ಹಿಂಬದಿಗೆ ಮಡಚಿ. ಇಲ್ಲದಿದ್ದರೆ ಕನೆಕ್ಟರ್ ಒಳಗೆ ಹೋಗುವಾಗ ಟೇಪನ್ನು ಕೆರೆದು ಮುದುಡಿಸುತ್ತದೆ. ಸೆಲ್ಲೋ ಟೇಪ್ ಹಚ್ಚಬೇಡಿ, ಬಿಸಿಗೆ ಅಂಟು ಕರಗಿ ಪಕ್ಕದ ಪಿನ್ ಮೇಲೆ ಹರಿಯುತ್ತದೆ.

ಎರಡನೆಯದು ನಾಲ್ಕು ಪಿನ್ನಿನ ಹಳೆಯ ಮಾದರಿಯ ಪವರ್ ಕನೆಕ್ಟರ್ ಆದ ಮೋಲೆಕ್ಸ್‌ನಿಂದ ಸಾಟಾಕ್ಕೆ ಹೋಗುವ ಪವರ್ ಅಡಾಪ್ಟರ್. ಮೋಲೆಕ್ಸ್‌ನಲ್ಲಿ 3.3 ವೋಲ್ಟ್ ಇಲ್ಲವೇ ಇಲ್ಲ, ಹಾಗಾಗಿ ಕೆಲಸ ಆಗುತ್ತದೆ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆ ಕಡೆ ಹೋದಾಗ ಕೇಳಿದರೆ ಸಿಗುವ ವಸ್ತುವೇ, ಆದರೆ ನೋಡಿ ಕೊಳ್ಳಿ. ತಂತಿಗಳ ಸುತ್ತ ಪ್ಲಾಸ್ಟಿಕ್ ಕರಗಿಸಿ ಅಚ್ಚುಹೊಯ್ದ, ಒಂದೇ ಗಟ್ಟಿಯಂತಿರುವ ಕನೆಕ್ಟರ್ ಬೇಡ. ಒಳಗಿನ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟುಹೋಗುವುದು ಆ ಜಾತಿಯಲ್ಲೇ. ಹಿಂಬದಿ ಮುಚ್ಚಳ ತೆಗೆದರೆ ತಂತಿಗಳು ಬೇರೆಬೇರೆ ಹಲ್ಲಿಗೆ ಕಚ್ಚಿಕೊಂಡಿದ್ದು ಕಾಣುವಂಥದ್ದು ಒಳ್ಳೆಯದು.

ಮೂರನೆಯದು ಕಿತ್ತಳೆ ತಂತಿಯನ್ನೇ ಕತ್ತರಿಸಿ ಎರಡೂ ತುದಿಗೆ ಟೇಪ್ ಸುತ್ತುವುದು. ನಡೆಯುತ್ತದೆ, ಆದರೆ ಅದೇ ಸಾಲಿನ ಮುಂದಿನ ಕನೆಕ್ಟರ್‌ಗಳಿಗೂ 3.3 ವೋಲ್ಟ್ ನಿಂತುಹೋಗುತ್ತದೆ.

ಬೆರಳಿಗೆ ಸದ್ದು ತಿಳಿದು, ಟಕ್ ಟಕ್ ಎಂದು ಮತ್ತೆ ನಿಂತುಬಿಟ್ಟರೆ ಅದು ಬೇರೆ ರೋಗ. ಇಂಥ ಡಿಸ್ಕ್ ಎದ್ದೇಳುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ವರ್ಷಗಟ್ಟಲೆ ದುಡಿದ ಅಗ್ಗದ ಎಸ್‌ಎಂಪಿಎಸ್‌ಗೆ ಅಷ್ಟು ತಾಳಿಕೆ ಉಳಿದಿರುವುದಿಲ್ಲ. ಡಿವಿಡಿ ಡ್ರೈವ್ ಮತ್ತು ಹಳೆಯ ಡಿಸ್ಕಿನ ಪವರ್ ಕಿತ್ತು ನೋಡಿ. ಆಗ ನಿಂತು ತಿರುಗಿದರೆ ಬದಲಿಸಬೇಕಾದದ್ದು ಎಸ್‌ಎಂಪಿಎಸ್. ಆಗಲೂ ಟಕ್ ಎಂದರೆ ಡಿಸ್ಕ್ ವಾಪಸ್ ಕಳಿಸಿ.

ತಿರುಗುತ್ತಿದೆ, ಆದರೂ ಬಯೋಸ್‌ನಲ್ಲಿ ಇಲ್ಲವೆಂದರೆ? ಡೆಲ್ ಒತ್ತಿ (ಕೆಲವು ಬೋರ್ಡ್‌ಗಳಲ್ಲಿ ಎಫ್2) ಒಳಗೆ ಹೋಗಿ ಆನ್-ಚಿಪ್ ಸಾಟಾ ಮೋಡ್ ಅಥವಾ ಎಟಿಎ/ಐಡಿಇ ಕಾನ್ಫಿಗರೇಶನ್ ಹುಡುಕಿ. ಜಿ41 ಜೊತೆ ಸಾಮಾನ್ಯವಾಗಿ ಬರುವುದು ಐಸಿಎಚ್7 ಚಿಪ್, ಅದರಲ್ಲಿ ನಾಲ್ಕು ಸಾಟಾ ಪೋರ್ಟ್. ಮೋಡ್ ಕಂಬೈನ್ಡ್ ಅಥವಾ ಕಂಪ್ಯಾಟಿಬಲ್ ಎಂದಿದ್ದರೆ ಸಾಟಾಕ್ಕಿಂತ ಹಳೆಯದಾದ ಐಡಿಇ ಪದ್ಧತಿಯ ಲೆಕ್ಕಕ್ಕೆ ಹೊಂದಿಸಲು ಕೆಲವು ಪೋರ್ಟ್‌ಗಳನ್ನು ಅಡಗಿಸುತ್ತದೆ. ಎನ್‌ಹ್ಯಾನ್ಸ್ಡ್ ಎಂದು ಮಾಡಿ, ಎಫ್10 ಒತ್ತಿ ಉಳಿಸಿ. ಇದರಲ್ಲಿ ಎಎಚ್‌ಸಿಐ (ಸಾಟಾದ ಹೊಸ ಮೋಡ್) ಹುಡುಕಬೇಡಿ, ಸಾದಾ ಐಸಿಎಚ್7ರಲ್ಲಿ ಅದಿಲ್ಲ. ಆ ಕಾರಣಕ್ಕೇ ಯಂತ್ರ ಓಡುತ್ತಿರುವಾಗ ಡಿಸ್ಕ್ ಸಿಗಿಸುವುದು, ಕೀಳುವುದು ಮಾಡಬಾರದು. ನಂತರ ಕ್ವಿಕ್ ಬೂಟ್ ಆಫ್ ಮಾಡಿ. ದೊಡ್ಡ ಡಿಸ್ಕ್ ಪೂರ್ತಿ ವೇಗಕ್ಕೆ ಬರುವ ಮೊದಲೇ ಬಯೋಸ್ ಎಣಿಕೆ ಮುಗಿಸಿ ಮುಂದೆ ಹೋಗಿರುತ್ತದೆ. ಮೊದಲ ಸಲ ಕಾಣದೆ, ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದಾಗ ಕಾಣಿಸಿದರೆ ಇದೇ ಕಾರಣ ಎಂದು ತಿಳಿಯಿರಿ. ಕೇಬಲನ್ನು ಈಗ ಕೆಲಸ ಮಾಡುತ್ತಿರುವ 500 ಜಿಬಿಯದರ ಜೊತೆ ಅದಲುಬದಲು ಮಾಡಿ. ಖಾಲಿ ಬಿದ್ದಿದ್ದ ಪೋರ್ಟ್‌ನಲ್ಲಿ ದೂಳು ಕೂತಿರುತ್ತದೆ, ಗದಗದ ಗಾಳಿಗೆ ಹೇಳಬೇಕೇ, ಬ್ಲೋವರ್‌ನಿಂದ ಊದಿ.

ಸೆಟ್ಟಿಂಗ್ ಉಳಿಯದೆ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದ್ದರೆ ಬೋರ್ಡಿನ ಸಿಆರ್2032 ಬ್ಯಾಟರಿ ಹಾಕಿ. ಬಯೋಸ್ ಅಪ್‌ಡೇಟ್ ಗೊಡವೆ ಈ ಹಂತದಲ್ಲಿ ಬೇಡ, ನಡುವೆ ಕರೆಂಟ್ ಹೋದರೆ ಇರುವ ಬೋರ್ಡೂ ಹೋಗುತ್ತದೆ.

ಇದನ್ನು ಓದುವ ಬೇರೆಯವರಿಗೊಂದು ಮಾತು: ವಿಐಎ ವಿಟಿ8237 ಅಥವಾ ವಿಟಿ8237ಆರ್ ಚಿಪ್ ಇರುವ ಇನ್ನೂ ಹಳೆಯ ಬೋರ್ಡ್ ನಿಮ್ಮದಾದರೆ ತೊಂದರೆ ವೇಗದ ಮಾತುಕತೆಯಲ್ಲಿ. ಆ ಚಿಪ್‌ಗೆ 1.5 ಗಿಗಾಬಿಟ್ ಬಿಟ್ಟು ಬೇರೆ ಗೊತ್ತಿಲ್ಲ, ಹೊಸ ಡಿಸ್ಕ್ ಕೇಳುವ ವೇಗಕ್ಕೆ ಉತ್ತರಿಸದೆ ತಡವರಿಸುತ್ತದೆ. ಕೆಲವು ವೆಸ್ಟರ್ನ್ ಡಿಜಿಟಲ್ ಡಿಸ್ಕ್‌ಗಳಲ್ಲಿ 5-6ನೇ ಪಿನ್‌ಗೆ ಜಂಪರ್ ಹಾಕಿದರೆ ವೇಗ ಇಳಿಯುತ್ತದೆ. ಜಂಪರ್ ಜಾಗವೇ ಇಲ್ಲದ ಡಿಸ್ಕಾದರೆ ಬೇರೆ ಸಾಟಾ ಕಾರ್ಡ್ ಹಾಕಬೇಕು. ಐಸಿಎಚ್7ಕ್ಕೆ ಈ ಕಾಯಿಲೆ ಇಲ್ಲ.

ಈಗ 2 ಟಿಬಿ ವಿಷಯ. ಡಿಸ್ಕಿನ ವಿಭಾಗಗಳನ್ನು ಬರೆದಿಡುವ ಹಳೆಯ ಎಂಬಿಆರ್ ಪಟ್ಟಿ, ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು) ಸಂಖ್ಯೆಯನ್ನು 32 ಬಿಟ್‌ನಲ್ಲಿ ಬರೆಯುತ್ತದೆ. ಸೆಕ್ಟರ್‌ಗೆ 512 ಬೈಟ್‌ನಂತೆ ಅದರ ಗರಿಷ್ಠ ವಿಂಡೋಸ್ ಲೆಕ್ಕದಲ್ಲಿ 2048 ಜಿಬಿ. ನಿಮ್ಮ 4 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 3726 ಜಿಬಿ ತೋರಿಸಬೇಕು. ಇದು ಸರಿಯಾದ ಅಂಕಿ, ಮೋಸವಲ್ಲ. ಅದರ ಬದಲು 1678 ಎಂದು ಕಂಡರೆ 3726ರಲ್ಲಿ 2048 ಕಳೆದು ಉಳಿದಿದ್ದು. ಲೆಕ್ಕ 32 ಬಿಟ್ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗಿದೆ ಎಂದರ್ಥ. 3 ಟಿಬಿ ಡಿಸ್ಕ್ ಇದ್ದವರಿಗೆ ಇದೇ ಲೆಕ್ಕದಲ್ಲಿ 746 ಬರುತ್ತದೆ. ಬಯೋಸ್ ಪರದೆಯಲ್ಲಿ ತಪ್ಪು ಅಂಕಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ವಿಂಡೋಸ್ ಎದ್ದ ಮೇಲೆ ಬಯೋಸ್‌ನ ಮಾತು ಕೇಳುವುದಿಲ್ಲ, ತನ್ನ ಡ್ರೈವರ್‌ನಿಂದಲೇ ಅಳೆಯುತ್ತದೆ. ವಿಂಡೋಸ್‌ನಲ್ಲೂ ತಪ್ಪಾಗಿ ಬಂದರೆ ಮಾತ್ರ ನಿಲ್ಲಿಸಿ, ಒಂದು ಕಡತವನ್ನೂ ಬರೆಯಬೇಡಿ. ಮಿತಿ ದಾಟಿ ಬರೆದದ್ದು ಸುತ್ತುಹಾಕಿ ಡಿಸ್ಕಿನ ಆರಂಭದ ಭಾಗವನ್ನೇ ಅಳಿಸಬಹುದು. ಅದಕ್ಕೆ ಕಾರಣ ಹೆಚ್ಚಾಗಿ ಇಂಟೆಲ್‌ನ ಹಳೆಯ ಸ್ಟೋರೇಜ್ ಡ್ರೈವರ್. ಎಎಚ್‌ಸಿಐ ಇರುವ ಬೋರ್ಡ್‌ಗಳಲ್ಲಿ ರ‍್ಯಾಪಿಡ್ ಸ್ಟೋರೇಜ್ 10.1 ಅಥವಾ ಅದಕ್ಕಿಂತ ಹೊಸದು ಬೇಕು. ನಿಮ್ಮ ಬೋರ್ಡ್ ಐಡಿಇ ಮೋಡ್‌ನಲ್ಲಿ ಮೈಕ್ರೋಸಾಫ್ಟ್‌ನ ಸಾದಾ ಡ್ರೈವರ್ ಮೇಲೆ ಓಡುತ್ತದೆ, ಅದು ಸಾಕು.

ವಿಂಡೋಸ್‌ನಲ್ಲಿ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್, ಮ್ಯಾನೇಜ್, ಡಿಸ್ಕ್ ಮ್ಯಾನೇಜ್‌ಮೆಂಟ್. ಹೊಸ ಡಿಸ್ಕ್ ಪೂರ್ತಿ ಖಾಲಿಯಿದ್ದರೆ ಇನಿಶಿಯಲೈಸ್ ಕೇಳುತ್ತದೆ, ಜಿಪಿಟಿ (ಎಂಬಿಆರ್ ಬದಲಿಗೆ ಬಂದ ಹೊಸ ಪಟ್ಟಿ) ಆರಿಸಿ. ಎಂಬಿಆರ್ ಆರಿಸಿದರೆ 2048 ಜಿಬಿ ಆಚೆಯ ಜಾಗ ಕಪ್ಪು ಪಟ್ಟಿಯಾಗಿ ಉಳಿದು, ಬಲ ಕ್ಲಿಕ್ಕಿಗೂ ಜಗ್ಗುವುದಿಲ್ಲ. ಡೇಟಾ ಡಿಸ್ಕ್ ಆಗಿ ಜಿಪಿಟಿಯನ್ನು ವಿಂಡೋಸ್ 7 ಯಾವ ಹಳೆಯ ಬಯೋಸ್ ಮೇಲೂ ಓದುತ್ತದೆ. ಅದರಿಂದ ವಿಂಡೋಸ್ ಬೂಟ್ ಮಾಡಲು ಮಾತ್ರ ಯುಇಎಫ್‌ಐ (ಬಯೋಸ್‌ನ ಹೊಸ ಪೀಳಿಗೆ) ಬೇಕು, ಅದು ನಿಮ್ಮಲ್ಲಿಲ್ಲ. ಆದ್ದರಿಂದ ವಿಂಡೋಸ್ 500 ಜಿಬಿಯಲ್ಲೇ ಇರಲಿ, ಬಯೋಸ್‌ನಲ್ಲಿ ಅದೇ ಮೊದಲ ಬೂಟ್ ಡಿಸ್ಕ್ ಎಂದು ಒಮ್ಮೆ ನೋಡಿಕೊಳ್ಳಿ. ಹೊಸದು ಸೇರಿದಾಗ ಈ ಸಾಲು ಕೆಲವೊಮ್ಮೆ ತಾನೇ ಅದಲುಬದಲಾಗುತ್ತದೆ.

ತಡೀರಿ, ಡಾಕ್‌ನಲ್ಲಿ ಈಗಾಗಲೇ ಲಗ್ನಪತ್ರಿಕೆ ಫೈಲುಗಳನ್ನೆಲ್ಲ ಅದಕ್ಕೆ ತುಂಬಿದ್ದೀರಾ? ಹಾಗಿದ್ದರೆ ಇನಿಶಿಯಲೈಸ್, ಫಾರ್ಮ್ಯಾಟ್ ಎಂದು ಏನು ಕೇಳಿದರೂ ಕ್ಯಾನ್ಸಲ್ ಒತ್ತಿ. ಕೆಲವು ಡಾಕ್‌ಗಳು 2 ಟಿಬಿ ಮಿತಿ ತಪ್ಪಿಸಲು 512 ಬೈಟ್‌ನ ಎಂಟು ಸೆಕ್ಟರ್‌ಗಳನ್ನು ಕೂಡಿಸಿ 4096 ಬೈಟ್‌ನ ಒಂದು ಸೆಕ್ಟರ್ ಎಂದು ವಿಂಡೋಸ್‌ಗೆ ಹೇಳುತ್ತವೆ. ಅಂಥದ್ದರಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ನೇರ ಸಾಟಾಕ್ಕೆ ಹಾಕಿದರೆ ಲೆಕ್ಕ ತಾಳೆಯಾಗದೆ ರಾ (ಫಾರ್ಮ್ಯಾಟ್ ಗುರುತು ಸಿಗದ್ದು) ಎಂದು ಕಾಣುತ್ತದೆ. ಫೈಲುಗಳು ಎಲ್ಲೂ ಹೋಗಿಲ್ಲ, ಡಾಕ್‌ಗೆ ಮರಳಿ ಹಾಕಿದರೆ ಸಿಗುತ್ತವೆ. ಡಾಕ್‌ನಲ್ಲಿರುವಾಗ ಸಿಸ್ಟಂ ಇನ್ಫರ್ಮೇಶನ್ ತೆರೆದು ಕಾಂಪೊನೆಂಟ್ಸ್, ಸ್ಟೋರೇಜ್, ಡಿಸ್ಕ್ಸ್‌ಗೆ ಹೋಗಿ ಬೈಟ್ಸ್/ಸೆಕ್ಟರ್ ಸಾಲು ನೋಡಿ. 4096 ಎಂದಿದ್ದರೆ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಸಾಟಾದಲ್ಲಿ ಹೊಸದಾಗಿ ಜಿಪಿಟಿ ಮಾಡಿ.

ಲೇಬಲ್ ಕೂಡ ಓದಿ. ಸರ್ವರ್ ಡಿಸ್ಕ್‌ಗಳಲ್ಲಿ 512ಇ (ಹೊರಗೆ 512 ಬೈಟ್ ಸೆಕ್ಟರ್ ತೋರಿಸುವುದು) ಮತ್ತು 4ಕೆಎನ್ (4096 ಬೈಟ್ ಸೆಕ್ಟರನ್ನೇ ತೋರಿಸುವುದು) ಎಂಬ ತರಗಳಿವೆ. 512ಇ ಆದರೆ ನಿಶ್ಚಿಂತೆ. 4ಕೆಎನ್ ಎಂದು ಅಚ್ಚಾಗಿದ್ದರೆ ವಿಂಡೋಸ್ 7 ಅದನ್ನು ಬೆಂಬಲಿಸುವುದಿಲ್ಲ, ಟೇಪ್ ಹಚ್ಚಿಯೂ ಪ್ರಯೋಜನವಿಲ್ಲ; ಮಾರಿದವರಿಗೆ ಹೇಳಿ ಬದಲಿಸಿಕೊಳ್ಳಿ.

ಎಲ್ಲ ಸರಿಯಾದ ಮೇಲೆ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡುವಾಗ ಕ್ವಿಕ್ ಟಿಕ್ ತೆಗೆಯಿರಿ. ಸೆಕೆಂಡಿಗೆ 150 ಎಂಬಿಯಂತೆ ಹಿಡಿದರೂ ಏಳೂವರೆ ತಾಸು ಬೇಕು, ರಾತ್ರಿ ಅಂಗಡಿ ಮುಚ್ಚುವಾಗ ಯುಪಿಎಸ್ ಮೇಲೆ ಹಚ್ಚಿ ಹೋಗಿ. ಬಳಸಿದ ಡಿಸ್ಕಿನ ಮೂಲೆಮೂಲೆ ಪರೀಕ್ಷೆಗೆ ಇದೇ ಅಗ್ಗದ ದಾರಿ. ಬೆಳಿಗ್ಗೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ತೆರೆದು 05, ಸಿ5, ಸಿ6 ಸಾಲುಗಳ (ಕೆಟ್ಟ ಸೆಕ್ಟರ್‌ಗಳ ಎಣಿಕೆ) ರಾ ಅಂಕಿ ನೋಡಿ. ಮೂರೂ ಸೊನ್ನೆ ಇರಬೇಕು. ಸಿ5 ಅಥವಾ ಸಿ6 ರಾತ್ರೋರಾತ್ರಿ ಏರಿದ್ದರೆ ಮರಳಿಸುವ ಅವಧಿ ಮುಗಿಯುವ ಮೊದಲು ಕಳಿಸಿಬಿಡಿ. ಸಿ7 (ಡೇಟಾ ಸಾಗುವಾಗಿನ ದೋಷಗಳ ಎಣಿಕೆ) ಒಂದೇ ಏರುತ್ತಿದ್ದರೆ ಡಿಸ್ಕಿನದಲ್ಲ, ಡೇಟಾ ಕೇಬಲ್‌ನ ತಪ್ಪು. ಬಿಗಿಯಾಗಿ ಕೂರುವ, ಕ್ಲಿಪ್ ಇರುವ ಹೊಸ ಕೇಬಲ್ ಹಾಕಿ. ಹಳೆಯ ಎಣಿಕೆ ಅಳಿಯುವುದಿಲ್ಲ, ಹೊಸದಾಗಿ ಏರದಿದ್ದರೆ ಸಾಕು.