ಶತ್ರುವಿನ ಸಹಿಯನ್ನು ನಂಬಬೇಕೆಂದು ಯಾರು ಹೇಳಿದರು?

ಇರಾನ್‌ನ ಸುದ್ದಿ ಮುಖಪುಟಕ್ಕೆ ಬಂದಾಗಲೆಲ್ಲ, ಪಾಕಿಸ್ತಾನದ ಗಡಿ ಬಿಸಿಯೇರಿದಾಗಲೆಲ್ಲ ಈ ಅಂಕಣಕ್ಕೆ, ಶತ್ರುವಿನೊಂದಿಗಿನ ಅಣು ಒಪ್ಪಂದವನ್ನು ನಂಬಬಹುದೇ ಎಂಬ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. ಕಾಲೇಜಿನಲ್ಲಿ ಅಂತರರಾಷ್ಟ್ರೀಯ ರಾಜಕೀಯ ಪಾಠ ಮಾಡುತ್ತಿದ್ದ ಕಾಲದಿಂದಲೂ ಚರ್ಚಾ ಸ್ಪರ್ಧೆಗಳ ತೀರ್ಪುಗಾರನಾಗಿ ಕುಳಿತು ಅದೇ ವಾದಗಳನ್ನು, ಅದೇ ತಪ್ಪುಗಳೊಂದಿಗೆ ಕೇಳುತ್ತಾ ಬಂದಿದ್ದೇನೆ. ಈ ಸಲ ಅವುಗಳಿಗೇ ಜಾಗ ಕೊಡುತ್ತೇನೆ. ಯುರೇನಿಯಂ ಎಂದರೇನು, ಸೆಂಟ್ರಿಫ್ಯೂಜ್ ಹೇಗೆ ತಿರುಗುತ್ತದೆ ಎಂಬುದನ್ನು ಬರೆಯುವುದಿಲ್ಲ. ಅದು ಯಾವ ವಿಜ್ಞಾನ ಪುಸ್ತಕದಲ್ಲಾದರೂ ಸಿಗುತ್ತದೆ.

ಪ್ರಶ್ನೆ: ‘ಶತ್ರು ರಾಷ್ಟ್ರದೊಂದಿಗಿನ ಅಣು ಒಪ್ಪಂದವನ್ನು ನಂಬಲಾಗದು’ ಎಂಬ ವಿಷಯದ ಪರವಾಗಿ ನಾನು ಮಾತನಾಡಬೇಕಿದೆ. ಇರಾನ್ 2015ರಲ್ಲಿ ಸಹಿ ಹಾಕಿ ಮರುದಿನದಿಂದಲೇ ಮೋಸ ಮಾಡಿತು, ಉತ್ತರ ಕೊರಿಯಾವೂ ಅದನ್ನೇ ಮಾಡಿತು ಎಂಬ ಅಂಶಗಳನ್ನು ಬರೆದುಕೊಂಡಿದ್ದೇನೆ. ಇನ್ನೇನು ಸೇರಿಸಬಹುದು?
– ಪದವಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಸೇರಿಸುವ ಮಾತು ಆಮೇಲೆ. ಮೊದಲ ಅಂಶವನ್ನು ಈಗಲೇ ಹೊಡೆದುಹಾಕಿ. ಅದು ಸುಳ್ಳು. ಎದುರಾಳಿ ತಂಡದಲ್ಲಿ ಓದಿಕೊಂಡವರು ಒಬ್ಬರಿದ್ದರೂ ನಿಮ್ಮ ವಾದ ಅಲ್ಲಿಗೇ ಕುಸಿಯುತ್ತದೆ.

2015ರ ಜುಲೈ 14ರಂದು ವಿಯೆನ್ನಾದಲ್ಲಿ ಅಮೆರಿಕ ಸೇರಿ ಆರು ದೇಶಗಳೊಂದಿಗೆ ಇರಾನ್ ಒಪ್ಪಿಕೊಂಡದ್ದು ಅಳೆದು ನೋಡಬಹುದಾದ ಸಂಗತಿಗಳನ್ನು. ಯುರೇನಿಯಂ ಸಂವರ್ಧನೆ, ಅಂದರೆ ವಿದ್ಯುತ್ತಿಗೂ ಬಾಂಬಿಗೂ ಬೇಕಾದ ಅದರ ಅಂಶವನ್ನು ಹೆಚ್ಚಿಸುವುದು, ಶೇ 3.67 ದಾಟಬಾರದು. ದಾಸ್ತಾನು 300 ಕಿಲೋ ಮೀರಬಾರದು. ಸಂವರ್ಧನೆ ಮಾಡುವ ಯಂತ್ರಗಳಾದ, ಸುಮಾರು 19 ಸಾವಿರವಿದ್ದ ಸೆಂಟ್ರಿಫ್ಯೂಜ್‌ಗಳು 6,104ಕ್ಕೆ ಇಳಿಯಬೇಕು. ಅರಾಕ್‌ನ ರಿಯಾಕ್ಟರ್‌ನ ಒಡಲಿಗೆ ಕಾಂಕ್ರೀಟ್ ತುಂಬಬೇಕು. ಇವೆಲ್ಲ ನಡೆದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇರಾನ್ 11 ಟನ್ನಿಗೂ ಹೆಚ್ಚು ಸಂವರ್ಧಿತ ಯುರೇನಿಯಂ ಅನ್ನು ಹಡಗಿನಲ್ಲಿ ರಷ್ಯಾಕ್ಕೆ ಕಳುಹಿಸಿತು. ಉಲ್ಲಂಘನೆಯೇ ಆಗಲಿಲ್ಲವೇ? ಆಯಿತು. ಕೆಲವು ಬಗೆಯ ರಿಯಾಕ್ಟರ್‌ಗಳಲ್ಲಿ ಬಳಸುವ ಭಾರಜಲದ ಮಿತಿ 130 ಟನ್ ಇತ್ತು. 2016ರಲ್ಲಿ ಎರಡು ಬಾರಿ ಇರಾನ್ ಅದನ್ನು ಒಂದು ಟನ್ನಿನೊಳಗಿನ ಅಂತರದಲ್ಲಿ ದಾಟಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅದನ್ನು ಅಳೆದು ವರದಿಯಲ್ಲಿ ಬರೆಯಿತು, ಹೆಚ್ಚುವರಿ ಭಾರಜಲ ದೇಶದಿಂದ ಹೊರಗೆ ಹೋಯಿತು. ಒಂದು ಟನ್ನಿಗೂ ಕಡಿಮೆ ವ್ಯತ್ಯಾಸ ಕಣ್ಣಿಗೆ ಬಿದ್ದ ಒಪ್ಪಂದವನ್ನು ಮೋಸಹೋದ ಒಪ್ಪಂದ ಎಂದು ಕರೆಯುವವರು ಆ ವರದಿಗಳನ್ನು ಓದಿಲ್ಲ.

ಒಪ್ಪಂದದಿಂದ ಮೊದಲು ಹೊರನಡೆದದ್ದು ಅಮೆರಿಕ, 2018ರ ಮೇ 8ರಂದು. ಅದಾಗಿ ಒಂದು ವರ್ಷ ಇರಾನ್ ಮಿತಿಯೊಳಗೇ ಇತ್ತು. 2019ರ ಜುಲೈನಲ್ಲಿ 300 ಕಿಲೋ ದಾಟಿತು, ದಾಟಿದ್ದೇನೆಂದು ಬಹಿರಂಗವಾಗಿಯೇ ಹೇಳಿತು.

ಹಾಗಾದರೆ ಇರಾನ್ ಸತ್ಯಸಂಧ ದೇಶವೇ ಎಂದು ಕೆಲವರು ತಕ್ಷಣ ನನ್ನ ಮೇಲೆ ಎರಗುತ್ತಾರೆ. ಅಲ್ಲ. ಆ ಸರ್ಕಾರ ಸುಳ್ಳು ಹೇಳಿದ ದಾಖಲೆ ಉದ್ದವಾಗಿದೆ. ನತಾಂಜ್ ಸಂವರ್ಧನಾ ಘಟಕ ಹೊರಜಗತ್ತಿಗೆ ತಿಳಿದದ್ದು 2002ರಲ್ಲಿ, ಬೆಟ್ಟದೊಳಗೆ ಕೊರೆದ ಫೋರ್ಡೊ ಬಯಲಾದದ್ದು 2009ರಲ್ಲಿ. ಟೆಹರಾನಿನ ಕಲಾಯೆ ಎಲೆಕ್ಟ್ರಿಕ್ ಎಂಬ ವರ್ಕ್‌ಶಾಪ್‌ನ ಕಥೆಯನ್ನಂತೂ ನೀವು ಓದಲೇಬೇಕು. 2003ರ ಮಾರ್ಚ್‌ನಲ್ಲಿ ತಪಾಸಣಾಧಿಕಾರಿಗಳು ಅಲ್ಲಿ ಮಾದರಿ ಸಂಗ್ರಹಿಸಲು ಕೇಳಿದಾಗ ಇರಾನ್ ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಬಿಟ್ಟಿತು, ಅಷ್ಟರಲ್ಲಿ ಕಟ್ಟಡವನ್ನು ಸಾಕಷ್ಟು ಬದಲಾಯಿಸಲಾಗಿತ್ತು. ಅವರು ಅಂಗೈಯಗಲದ ಹತ್ತಿಬಟ್ಟೆಯ ತುಂಡುಗಳಿಂದ ಗೋಡೆ, ನೆಲ, ಉಪಕರಣಗಳನ್ನು ಒರೆಸಿ, ಚೀಲದಲ್ಲಿಟ್ಟು ಮೊಹರು ಹಾಕಿ ಪ್ರಯೋಗಾಲಯಕ್ಕೆ ಒಯ್ದರು. ಅಷ್ಟೆಲ್ಲ ಬದಲಾವಣೆಯ ನಂತರವೂ ಆ ಬಟ್ಟೆಗೆ ಹೆಚ್ಚು ಸಂವರ್ಧಿತ ಯುರೇನಿಯಂನ ಕಣಗಳು ಅಂಟಿದ್ದವು, ಕಣ್ಣಿಗೆ ಕಾಣದಷ್ಟು ಸಣ್ಣವು. ಆ ಕಣಗಳಲ್ಲಿ ಹೆಚ್ಚಿನವು ಪಾಕಿಸ್ತಾನ ಮೂಲದ ಹಳೆಯ ಬಿಡಿಭಾಗಗಳ ಜೊತೆ ಬಂದವು ಎಂಬುದು ಆಮೇಲೆ ಸ್ಪಷ್ಟವಾಯಿತು. ಅಂದರೆ ಪಾಕಿಸ್ತಾನದ ಅಣು ವಿಜ್ಞಾನಿ ಎ. ಕ್ಯೂ. ಖಾನ್‌ನ ಕಳ್ಳವ್ಯಾಪಾರದ ಜಾಡೂ ಅದೇ ಬಟ್ಟೆಯಲ್ಲಿ ಸಿಕ್ಕಿತು.

ಸುಳ್ಳು ಹೇಳುವವನೊಂದಿಗೇ ಇಂಥ ಒಪ್ಪಂದದ ಅಗತ್ಯ ಬೀಳುವುದು. ಮಿತ್ರರೊಂದಿಗೆ 159 ಪುಟ ಬರೆಯುವ ಕೆಲಸ ಯಾರಿಗೂ ಇರುವುದಿಲ್ಲ. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಯ ಮಾಲೀಕ ಸಜ್ಜನನೇ ಎಂದು ರೈತ ಕೇಳುತ್ತಾ ಕೂರುವುದಿಲ್ಲ. ಕಾಟಾ ಯಾರ ಕೈಯಲ್ಲಿದೆ, ತೂಕದ ಚೀಟಿ ಕೈಗೆ ಬರುತ್ತದೆಯೇ, ಹೊರಗೆ ತೂಗಿಸಿಕೊಂಡು ಬಂದ ಟ್ರ್ಯಾಕ್ಟರ್ ಅನ್ನು ಒಳಗೆ ಬಿಡುತ್ತಾರೆಯೇ ಎಂದು ಕೇಳುತ್ತಾನೆ. ಅಣು ಒಪ್ಪಂದಕ್ಕೆ ಕೇಳಬೇಕಾದ ಪ್ರಶ್ನೆಗಳೂ ಇಂಥವೇ. ಎದುರಿನವನು ಮೋಸ ಮಾಡಿದರೆ ಎಷ್ಟು ದಿನದಲ್ಲಿ ಗೊತ್ತಾಗುತ್ತದೆ? ಗೊತ್ತಾದ ಮೇಲೆ ಅವನ ಕೈಗೆ ಬಾಂಬ್ ಬರುವ ಮೊದಲು ನಮಗೆ ಎಷ್ಟು ಸಮಯ ಉಳಿಯುತ್ತದೆ? 2015ಕ್ಕೆ ಮುಂಚೆ ಒಂದು ಬಾಂಬಿಗೆ ಬೇಕಾದಷ್ಟು ಯುರೇನಿಯಂ ಸಿದ್ಧಪಡಿಸಲು ಇರಾನ್‌ಗೆ ಎರಡು-ಮೂರು ತಿಂಗಳು ಸಾಕು ಎಂಬ ಅಂದಾಜಿತ್ತು. ಒಪ್ಪಂದ ಅದನ್ನು ಸುಮಾರು ಒಂದು ವರ್ಷಕ್ಕೆ ಎಳೆಯಿತು. ಅದರ ಬೆಲೆ ಇರುವುದು ಹೆಚ್ಚಿಗೆ ಸಿಕ್ಕ ಆ ತಿಂಗಳುಗಳಲ್ಲಿ.

ಇನ್ನು ಉತ್ತರ ಕೊರಿಯಾ. ಇಲ್ಲಿ ನಿಮ್ಮ ಅಂಶದಲ್ಲಿ ಅರ್ಧ ಸತ್ಯವಿದೆ. 1994ರ ಅಕ್ಟೋಬರ್‌ನಲ್ಲಿ ಜಿನೀವಾದಲ್ಲಿ ಅಮೆರಿಕದೊಂದಿಗೆ ಒಪ್ಪಂದವಾದ ಮೇಲೆ ಯೋಂಗ್‌ಬ್ಯೋನ್‌ನ ರಿಯಾಕ್ಟರ್ ನಿಂತಿತು. ಸುಮಾರು ಎಂಟು ಸಾವಿರ ಬಳಸಿದ ಇಂಧನ ಸರಳುಗಳು ಡಬ್ಬಿ ಸೇರಿ ಮೊಹರು ಬಿದ್ದವು. ತಪಾಸಣಾಧಿಕಾರಿಗಳು ಅಲ್ಲಿಯೇ ಇದ್ದರು. ಎಂಟು ವರ್ಷ ಆ ಸರಳುಗಳಿಂದ ಬಾಂಬಿಗೆ ಬೇಕಾದ ಪ್ಲುಟೋನಿಯಂ ಹೊರಬರಲಿಲ್ಲ. ಕಳ್ಳತನ ನಡೆದದ್ದು ಒಪ್ಪಂದಕ್ಕೆ ಕಣ್ಣಿಲ್ಲದ ಕಡೆ, ಯುರೇನಿಯಂ ಸಂವರ್ಧನೆಯ ದಾರಿಯಲ್ಲಿ. ಇತ್ತ ಇದಕ್ಕೆ ಬದಲಾಗಿ ಅಮೆರಿಕದ ಕಡೆಯಿಂದ ಬರಬೇಕಿದ್ದ ತೈಲ ತಡವಾಗಿ ಹೋಗುತ್ತಿತ್ತು. 2003ರ ಹೊತ್ತಿಗೆ ಕೊಡಬೇಕೆಂದುಕೊಂಡಿದ್ದ ರಿಯಾಕ್ಟರ್‌ಗೆ ಮೊದಲ ಕಾಂಕ್ರೀಟ್ ಬಿದ್ದದ್ದೇ 2002ರ ಆಗಸ್ಟ್‌ನಲ್ಲಿ. ಅದೇ ವರ್ಷದ ಕೊನೆಗೆ ಉತ್ತರ ಕೊರಿಯಾದವರು ಮೊಹರು ಕಿತ್ತು ತಪಾಸಣಾಧಿಕಾರಿಗಳನ್ನು ಹೊರಗಟ್ಟಿದರು. 2006ರ ಅಕ್ಟೋಬರ್ 9ರಂದು ಮೊದಲ ಪರೀಕ್ಷಾ ಸ್ಫೋಟ ನಡೆಯಿತು. ‘ಒಪ್ಪಂದವಿತ್ತು, ಆದರೂ ಬಾಂಬ್ ಬಂತು’ ಎನ್ನಬೇಡಿ. ಒಪ್ಪಂದ ಮುರಿದುಬಿದ್ದು ನಾಲ್ಕು ವರ್ಷದೊಳಗೆ ಬಂತು.

ಈಗ ನಿಮ್ಮ ಪಕ್ಷಕ್ಕೆ ನಿಜವಾಗಿ ಬಲ ಕೊಡುವ ಮಾತು. ನಾನು ನಿಮ್ಮ ಜಾಗದಲ್ಲಿದ್ದರೆ ಶತ್ರುವಿನ ಕಪಟದ ಮೇಲೆ ಸಮಯ ವ್ಯಯಿಸುವುದಿಲ್ಲ. ಒಪ್ಪಂದಕ್ಕಿದ್ದ ಅವಧಿಯನ್ನು ಹಿಡಿದುಕೊಳ್ಳುತ್ತೇನೆ. ಸೆಂಟ್ರಿಫ್ಯೂಜ್‌ಗಳ ಮಿತಿಗೆ ಹತ್ತು ವರ್ಷ, ದಾಸ್ತಾನಿನ ಮಿತಿಗೆ ಹದಿನೈದು ವರ್ಷ. ಆಮೇಲೇನು ಎಂಬ ಪ್ರಶ್ನೆಗೆ ವಿಯೆನ್ನಾದಲ್ಲಿ ಗಟ್ಟಿಯಾದ ಉತ್ತರ ಇರಲಿಲ್ಲ. ಅದು ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಹಿಡಿಸುವುದಿಲ್ಲ. ಎರಡನೆಯದಾಗಿ, ಅಮೆರಿಕದ ಸೆನೆಟ್‌ನ ಅನುಮೋದನೆ ಪಡೆಯದೆ ಅಧ್ಯಕ್ಷರ ಅಧಿಕಾರದ ಮೇಲೆ ನಿಂತ ಒಪ್ಪಂದ ಅದು. ಮುಂದಿನ ಅಧ್ಯಕ್ಷರು ಒಂದು ಸಹಿಯಿಂದ ಅದನ್ನು ತಳ್ಳಿಹಾಕಿದರು. ಒಂದು ಚುನಾವಣೆಯ ಆಯಸ್ಸಿನ ಒಪ್ಪಂದಕ್ಕೆ ಯಾವ ದೇಶವೂ ತನ್ನ ಭದ್ರತೆಯನ್ನು ಅಡವಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ವಿಷಯದಲ್ಲಿರುವ ‘ಶತ್ರು’ ಎಂಬ ಷರತ್ತನ್ನೂ ಪರೀಕ್ಷಿಸಿ ನೋಡಿ. ತಾರಾಪುರ ಸ್ಥಾವರಕ್ಕೆ ಮೂವತ್ತು ವರ್ಷ ಇಂಧನ ಕೊಡುತ್ತೇನೆಂದು 1963ರಲ್ಲಿ ಅಮೆರಿಕ ನಮ್ಮೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. 1974ರ ಪೋಖ್ರಾನ್ ಪರೀಕ್ಷೆಯ ನಂತರ ಅವರ ಸಂಸತ್ತಿನಲ್ಲಿ 1978ರಲ್ಲಿ ಹೊಸ ಕಾನೂನು ಬಂತು, ಇಂಧನ ನಿಂತಿತು. ಕೊನೆಗೆ ಫ್ರಾನ್ಸ್‌ನಿಂದ ತರಿಸಿಕೊಳ್ಳಬೇಕಾಯಿತು. ಪರೀಕ್ಷೆ ನಡೆಸಿದ್ದು ನಾವೇ ಎಂದು ಅವರು ವಾದಿಸುತ್ತಾರೆ, ವಾದಿಸಲಿ. ಅಮೆರಿಕ ನಮ್ಮ ಶತ್ರುವಂತೂ ಆಗಿರಲಿಲ್ಲ.

ಒಪ್ಪಂದವಿಲ್ಲದೆ ಏನಾಗುತ್ತದೆ ಎಂಬುದಕ್ಕೆ ಎದುರಾಳಿಗಳು ಈ ಅಂಕಿಗಳನ್ನು ತರುತ್ತಾರೆ, ಸಿದ್ಧವಾಗಿರಿ. 2021ರ ಏಪ್ರಿಲ್‌ನಿಂದ ಇರಾನ್ ಶೇ 60ರ ಸಂವರ್ಧನೆಗೆ ಏರಿತು. 2022ರ ಜೂನ್‌ನಲ್ಲಿ ಅಣುಶಕ್ತಿ ಸಂಸ್ಥೆಯ 27 ನಿಗಾ ಕ್ಯಾಮೆರಾಗಳನ್ನು ತೆಗೆಸಿತು. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಅಮೆರಿಕ ದಾಳಿ ನಡೆಸುವ ಹೊತ್ತಿಗೆ ಅಣುಶಕ್ತಿ ಸಂಸ್ಥೆಯ ಅಂದಾಜಿನಂತೆ ಶೇ 60ರ ಯುರೇನಿಯಂ 440.9 ಕಿಲೋ ಇತ್ತು. ಇನ್ನಷ್ಟು ಸಂವರ್ಧಿಸಿದರೆ ಸುಮಾರು ಹತ್ತು ಬಾಂಬಿಗೆ ಸಾಲುವಷ್ಟು. ದಾಳಿಯಿಂದ ಘಟಕಗಳು ಹಾಳಾದವು. ಆದರೆ ಆ ದಾಸ್ತಾನು ಎಲ್ಲಿದೆ, ಎಷ್ಟಿದೆ ಎಂದು ಪರಿಶೀಲಿಸಿ ಹೇಳುವ ಸ್ಥಿತಿಯಲ್ಲಿ ತಪಾಸಣಾಧಿಕಾರಿಗಳು ಉಳಿಯಲಿಲ್ಲ. ಗ್ರಾಂ ಲೆಕ್ಕದಲ್ಲಿ ಗೊತ್ತಿದ್ದ ವಸ್ತು ಲೆಕ್ಕದಿಂದ ಹೊರಬಿದ್ದದ್ದು ನನಗೆ ಬಾಂಬಿನ ಸದ್ದಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಪ್ರಶ್ನೆ: ಸೇನೆಯಿಂದ ನಿವೃತ್ತನಾದವನು ನಾನು. ಪ್ರತಿವರ್ಷ ಜನವರಿ 1ರಂದು ನಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಪಾಕಿಸ್ತಾನದ ಕೈಗೆ ಕೊಡುತ್ತೇವೆ ಎಂದು ಓದಿದಾಗಲೆಲ್ಲ ರಕ್ತ ಕುದಿಯುತ್ತದೆ. ಶತ್ರುವಿಗೆ ನಾವೇ ವಿಳಾಸ ಕೊಡುವುದೇ?
– ಹುಕ್ಕೇರಿ ತಾಲ್ಲೂಕು, ಬೆಳಗಾವಿ ಜಿಲ್ಲೆ

ಉತ್ತರ: ನಿಮ್ಮ ಅನುಮಾನವನ್ನು ಗೌರವಿಸುತ್ತೇನೆ; ಗಡಿಯಲ್ಲಿ ನಿಂತವರಿಗೆ ಅದು ಇರಬೇಕು. ಆದರೆ ವಿಳಾಸ ಗುಟ್ಟಿನದಲ್ಲ. ರಿಯಾಕ್ಟರ್‌ನ ಗುಮ್ಮಟವನ್ನು ಉಪಗ್ರಹದ ಕಣ್ಣಿಗೆ ಮರೆಮಾಡಲು ಆಗುವುದಿಲ್ಲ.

ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂಬ ಈ ಒಪ್ಪಂದಕ್ಕೆ 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದ್‌ನಲ್ಲಿ ಸಹಿ ಬಿತ್ತು. ರಾಜೀವ್ ಗಾಂಧಿ ಮತ್ತು ಬೇನಜೀರ್ ಭುಟ್ಟೊ ಪ್ರಧಾನಿಗಳಾಗಿದ್ದ ಕಾಲ. 1992ರಿಂದ ಪಟ್ಟಿಯ ವಿನಿಮಯ ಒಂದು ವರ್ಷವೂ ತಪ್ಪಿಲ್ಲ. ಕಾರ್ಗಿಲ್ ಆಯಿತು, ಸಂಸತ್ತಿನ ಮೇಲೆ ದಾಳಿಯಾಯಿತು, ಮುಂಬೈ ಹತ್ಯಾಕಾಂಡವಾಯಿತು, ಪುಲ್ವಾಮಾ ಆಯಿತು, 2025ರ ಮೇ ತಿಂಗಳ ಸಂಘರ್ಷವೂ ಆಯಿತು. 2026ರ ಜನವರಿ 1ರಂದು ಮತ್ತೆ ಪಟ್ಟಿ ಕೈಬದಲಾಯಿತು.

ಈ ಒಪ್ಪಂದದಲ್ಲಿ ತಪಾಸಣೆಯೇ ಇಲ್ಲ ಎಂಬುದನ್ನು ಗಮನಿಸಿ. ಬೇಕಾಗಿಯೂ ಇಲ್ಲ. ನೆಲಮಾಳಿಗೆಯ ಸೆಂಟ್ರಿಫ್ಯೂಜ್ ಅನ್ನು ಬಚ್ಚಿಡಬಹುದು, ಸ್ಥಾವರದ ಮೇಲೆ ಬಿದ್ದ ಬಾಂಬನ್ನು ಬಚ್ಚಿಡಲಾಗುವುದಿಲ್ಲ. ಮುರಿದ ಗಳಿಗೆಯಲ್ಲೇ ಜಗತ್ತಿಗೆ ಗೊತ್ತಾಗುತ್ತದೆ, ವಿಕಿರಣ ಹೊತ್ತ ಗಾಳಿ ಗಡಿ ನೋಡಿ ಬೀಸುವುದಿಲ್ಲ. ಪಾಕಿಸ್ತಾನದ ಒಳ್ಳೆಯತನದ ಮೇಲೆ ಇದರಲ್ಲಿ ಯಾವ ಭಾರವನ್ನೂ ಹೊರಿಸಿಲ್ಲ. ಹಾಗೆಂದು ಇದು ಶಾಶ್ವತ ಎಂದು ನಾನು ಬರೆದುಕೊಡುವುದಿಲ್ಲ. 1965, 1971ರ ಯುದ್ಧಗಳನ್ನು ದಾಟಿ ಬಂದ ಸಿಂಧೂ ಜಲ ಒಪ್ಪಂದವನ್ನು 2025ರ ಏಪ್ರಿಲ್‌ನಲ್ಲಿ ನಾವೇ ಅಮಾನತಿನಲ್ಲಿಟ್ಟೆವು. ಇನ್ನೊಂದು ಎಚ್ಚರಿಕೆ: ಈ ಒಪ್ಪಂದ ಅವರ ಬಳಿ ಎಷ್ಟು ಸಿಡಿತಲೆಗಳಿವೆ ಎಂಬ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕಿರುವ ಮಿತಿಗಿಂತ ಹೆಚ್ಚಿನ ನೆಮ್ಮದಿಯನ್ನು ಅದರಿಂದ ಪಡೆಯಬೇಡಿ.

ಪ್ರಶ್ನೆ: ನಮ್ಮ ಆದಿಲಶಾಹಿಗಳು 1636ರಲ್ಲಿ ಮೊಘಲರೊಂದಿಗೆ ಒಪ್ಪಂದ ಮಾಡಿಕೊಂಡೇ ಕೆಟ್ಟರಲ್ಲವೇ?
– ಪ್ರವಾಸಿ ಮಾರ್ಗದರ್ಶಿ, ವಿಜಯಪುರ

ಉತ್ತರ: ಅವಸರದ ತೀರ್ಮಾನ. ಷಹಜಹಾನನಿಗೆ ಕಾಣಿಕೆ ಒಪ್ಪಿಕೊಂಡು ಪಡೆದ ಶಾಂತಿಯ ಇಪ್ಪತ್ತು ವರ್ಷಗಳಲ್ಲಿ ಮುಹಮ್ಮದ್ ಆದಿಲ್ ಷಾ ದಕ್ಷಿಣಕ್ಕೆ ರಾಜ್ಯ ವಿಸ್ತರಿಸಿದ, ನೀವು ದಿನವೂ ಪ್ರವಾಸಿಗರಿಗೆ ತೋರಿಸುವ ಗೋಳಗುಮ್ಮಟ ಎದ್ದದ್ದೂ ಅವನ ಆಳ್ವಿಕೆಯಲ್ಲಿಯೇ. 1656ರಲ್ಲಿ ಅವನು ತೀರಿಕೊಂಡ. ಉತ್ತರಾಧಿಕಾರಿಯ ಹುಟ್ಟಿನ ಬಗ್ಗೆ ತಕರಾರು ತೆಗೆದು ಮರುವರ್ಷವೇ ಔರಂಗಜೇಬ್ ನುಗ್ಗಿ ಬೀದರ್, ಕಲ್ಯಾಣಿ ಕೋಟೆಗಳನ್ನು ಹಿಡಿದ. ಬಿಜಾಪುರ ಬಿದ್ದದ್ದು 1686ರಲ್ಲಿ. ನಿಮ್ಮ ಪ್ರವಾಸಿಗರಿಗೆ ಇಷ್ಟನ್ನು ವರ್ಷಗಳ ಸಮೇತ ಹೇಳಿ.

ಪ್ರಶ್ನೆ: ಉಕ್ರೇನ್ ಅಣ್ವಸ್ತ್ರ ಬಿಟ್ಟುಕೊಟ್ಟು ಹಾಳಾಯಿತು. ಇನ್ನು ಯಾವ ಒಪ್ಪಂದವೂ ಬೇಡ ಅಲ್ಲವೇ?
– ಗೋಕಾಕ

ಉತ್ತರ: ರಷ್ಯಾ, ಅಮೆರಿಕ, ಬ್ರಿಟನ್ ಸಹಿ ಹಾಕಿದ 1994ರ ಬುಡಾಪೆಸ್ಟ್ ಪತ್ರದಲ್ಲಿ ಉಕ್ರೇನ್‌ಗೆ ಸಿಕ್ಕದ್ದು ಬರಿಯ ಭರವಸೆ, ಮುರಿದವರಿಗೆ ಏನು ಶಿಕ್ಷೆ ಎಂಬ ಸಾಲೇ ಅದರಲ್ಲಿಲ್ಲ. ಅದನ್ನು ಅಳತೆ, ಮೊಹರು, ತಪಾಸಣೆಗಳಿರುವ ಒಪ್ಪಂದದೊಂದಿಗೆ ಒಂದೇ ಗಂಟಿಗೆ ಕಟ್ಟಬೇಡಿ.

ಪ್ರಶ್ನೆ: ಮೂರನೇ ಮಹಾಯುದ್ಧದ ದಿನಾಂಕವನ್ನು ಟಿ.ವಿ. ಜ್ಯೋತಿಷಿಯೊಬ್ಬರು ಹೇಳಿದ್ದಾರೆ. ನಿಮ್ಮ ಅಭಿಪ್ರಾಯ?
– ಜಮಖಂಡಿ

ಉತ್ತರ: ಟಿ.ವಿ. ಬಂದ್ ಮಾಡಿ.

ಪ್ರಶ್ನೆ: 2025ರಲ್ಲಿ ನಮ್ಮ ದಾಳಿಯಿಂದ, ಪಾಕಿಸ್ತಾನ ಅಣ್ವಸ್ತ್ರ ಇಟ್ಟಿದೆ ಎನ್ನಲಾಗುವ ಕಿರಾನಾ ಬೆಟ್ಟದಲ್ಲಿ ವಿಕಿರಣ ಸೋರಿತು, ನಾವೇ ಒಪ್ಪಂದ ಮುರಿದೆವು ಎಂಬ ಸಂದೇಶ ಇನ್ನೂ ಓಡಾಡುತ್ತಿದೆ. ಆಗ ಒಬ್ಬರು ಅಯೋಡಿನ್ ಮಾತ್ರೆ ಮಾರಲು ಬಂದಿದ್ದರು, ಕೊಂಡಿಟ್ಟಿದ್ದೇವೆ. ನುಂಗಬಹುದೇ?
– ನವನಗರ, ಬಾಗಲಕೋಟೆ

ಉತ್ತರ: ಕಿರಾನಾ ಬೆಟ್ಟದ ಮೇಲೆ ದಾಳಿ ಮಾಡಿಲ್ಲವೆಂದು ನಮ್ಮ ವಾಯುಪಡೆಯ ಅಧಿಕಾರಿಯೇ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಪಾಕಿಸ್ತಾನದ ಯಾವ ಅಣು ಘಟಕದಿಂದಲೂ ವಿಕಿರಣ ಸೋರಿಕೆಯಾದ ಮಾಹಿತಿ ಇಲ್ಲವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹೇಳಿತು. ಸೋರಿಕೆ ತಡೆಯಲು ಬೋರಾನ್ ಎಂಬ ರಾಸಾಯನಿಕ ಹೊತ್ತು ತಂದ ವಿಮಾನ, ಸೋರಿಕೆಯ ಸರ್ಕಾರಿ ಪತ್ರ ಎಂದು ಹರಿದಾಡಿದ್ದೆಲ್ಲ ಬುಡವಿಲ್ಲದ ಮಾತು. ಇಂಥದ್ದನ್ನು ನಾಲ್ಕು ಜನರಿಗೆ ದಾಟಿಸುವವರು ದೇಶಭಕ್ತಿಯ ಹೆಸರಿನಲ್ಲಿ ನಮ್ಮ ಸೇನೆ ಮಾಡದ ಉಲ್ಲಂಘನೆಯನ್ನು ಅದರ ತಲೆಗೆ ಕಟ್ಟುತ್ತಿದ್ದಾರೆ. ಇದು ಅವರಿಗೆ ಹೊಳೆಯದಿರುವುದು ನನಗೆ ಬಹಳ ಸಿಟ್ಟು ತರಿಸುತ್ತದೆ.

ಭಯವನ್ನು ಬಂಡವಾಳ ಮಾಡಿಕೊಂಡು ಮಾತ್ರೆ ಮಾರಿದವರಂತೂ ವಂಚಕರು. ಪೊಟ್ಯಾಸಿಯಂ ಅಯೋಡೈಡ್ ರಕ್ಷಿಸುವುದು ಥೈರಾಯ್ಡ್ ಗ್ರಂಥಿಯೊಂದನ್ನು, ಅದೂ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ, ಅದೂ ಸರಿಯಾದ ಹೊತ್ತಿನಲ್ಲಿ ತೆಗೆದುಕೊಂಡರೆ. ಬಾಂಬಿನ ಶಾಖಕ್ಕೆ, ಬೇರೆ ವಿಕಿರಣ ಕಣಗಳಿಗೆ ಅದು ಮದ್ದಲ್ಲ. ಆಡಳಿತ ಸೂಚಿಸದೆ ಯಾರೂ ನುಂಗಬೇಡಿ. ಮನೆಯಲ್ಲಿ ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಲೂಬೇಡಿ. ಪೊಟ್ಟಣದ ಮೇಲೆ ತಯಾರಕರ ಹೆಸರು, ತಯಾರಾದ ದಿನಾಂಕ ಇಲ್ಲದಿದ್ದರೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಒಪ್ಪಿಸಿ, ಮಾರಿದವರ ಬಗ್ಗೆ ದೂರು ಕೊಡಿ.