ಭಾನುವಾರಕ್ಕೆ ಅರ್ಧ ಪುಟ ಕೊಡುವ ಡೈರಿ ಬೇಡ

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಪ್ರತಿ ಹೊಸ ವರ್ಷಕ್ಕೆ ಗೊಬ್ಬರದ ಅಂಗಡಿಯಿಂದ ಒಂದು, ಬ್ಯಾಂಕಿನಿಂದ ಒಂದು ಡೈರಿ ಮನೆಗೆ ಬರುತ್ತದೆ. ಜನವರಿ ಪೂರ್ತಿ ಬರೆಯುತ್ತೇನೆ. ಫೆಬ್ರವರಿ ಹೊತ್ತಿಗೆ ಅದು ಹಾಲಿನ ಲೆಕ್ಕ, ಆಳಿನ ಕೂಲಿ ಲೆಕ್ಕದ ಪುಸ್ತಕ ಆಗಿಬಿಡುತ್ತದೆ. ಈ ಸಲ ನನ್ನ ದುಡ್ಡಲ್ಲೇ ಒಂದು ಡೇಲಿ ಪ್ಲ್ಯಾನರ್ ಕೊಂಡು ದಿನಚರಿ ಬರೆಯಬೇಕು ಅಂತಿದ್ದೇನೆ. ರಾತ್ರಿ ಊಟ ಆದಮೇಲೆ ಹತ್ತು ಹನ್ನೆರಡು ಸಾಲು ಬರೆಯುವ ಅಭ್ಯಾಸ, ಅದೂ ಇಂಕ್ ಪೆನ್ನಲ್ಲಿ. ಏನೇನು ನೋಡಿ ಕೊಳ್ಳಬೇಕು? ತಾರೀಖು ಅಚ್ಚಾಗಿರುವುದು ಬೇಕಾ, ಬರೀ ಗೆರೆ ಪುಸ್ತಕ ಸಾಕಾ?
– ಹೆಸರು ಬೇಡ, ಸಿಂಧನೂರು

ಉತ್ತರ: ತಾರೀಖು ಇರುವುದೇ ತಗೊಳ್ಳಿ ಮೇಡಂ. ಗೆರೆ ಪುಸ್ತಕದ ಪರ ಮಾತಾಡುವವರು ಜಾಸ್ತಿ ಇದ್ದಾರೆ, ಬಿಟ್ಟ ದಿನದ ಖಾಲಿ ಪುಟ ನೋಡಿದರೆ ಬೇಜಾರಾಗುತ್ತದೆ ಅನ್ನುವುದು ಅವರ ವಾದ. ಆದರೆ ನಿಮ್ಮ ಕಥೆ ಅದಲ್ಲ. ನಿಮಗೆ ಬರೆಯಲು ಬೇಜಾರಿಲ್ಲ, ನಿಮ್ಮ ಪುಸ್ತಕಕ್ಕೆ ಮನೆಯ ಲೆಕ್ಕ ನುಗ್ಗುತ್ತಿದೆ ಅಷ್ಟೇ. ಹಾಗಾಗಿ ಬ್ಯಾಂಕಿನ ಡೈರಿಯನ್ನು ಪೆನ್ನು ಸಮೇತ ಅಡುಗೆಮನೆ ಕಿಟಕಿಯಲ್ಲಿಡಿ, ಹಾಲು, ಕೂಲಿ, ಗ್ಯಾಸು ಎಲ್ಲಾ ಅಲ್ಲೇ ಬರೆದುಕೊಳ್ಳಲಿ. ನಿಮ್ಮದು ಬೇರೆ ಕಡೆ ಇರಲಿ. ಹತ್ತು ಸಾಲಿನವರಿಗೆ ದಿನಕ್ಕೊಂದು ಪುಟ ಸರಿಯಾದ ಅಳತೆ. ಇನ್ನೊಂದು ಲಾಭ, ಹೋದ ವರ್ಷ ಸಸಿಮಡಿ ಹಾಕಿದ್ದು ಯಾವಾಗ, ಕಾಲುವೆಗೆ ನೀರು ಬಂದಿದ್ದು ಯಾವಾಗ ಅಂತ ಮನೆಯವರು ಕೇಳಿದರೆ ಪುಟ ತಿರುವಿ ಹೇಳಬಹುದು. ಗೆರೆ ಪುಸ್ತಕದಲ್ಲಿ ಹುಡುಕುತ್ತಾ ಕೂರಬೇಕು.

ಈಗ ಅಂಗಡಿಯಲ್ಲಿ ನೋಡಬೇಕಾದ್ದು. ಮೊದಲು ರಟ್ಟು ನೋಡಬೇಡಿ, ಭಾನುವಾರ ನೋಡಿ. ತುಂಬಾ ಡೈರಿಗಳಲ್ಲಿ ಸೋಮವಾರದಿಂದ ಶುಕ್ರವಾರಕ್ಕೆ ಒಂದೊಂದು ಪುಟ, ಶನಿವಾರ ಭಾನುವಾರ ಸೇರಿಸಿ ಒಂದೇ ಪುಟ. ಇವನ್ನು ಆಫೀಸಿಗೆ ಅಂತ ಮಾಡಿದ್ದು, ಅಲ್ಲಿ ಭಾನುವಾರ ರಜೆ. ದಿನಚರಿ ಬರೆಯುವವರಿಗೆ ಇದು ಉಲ್ಟಾ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಅದು ಶನಿವಾರ. ಎಡದಂಡೆ ಕಾಲುವೆ ನಂಬಿಕೊಂಡ ನಿಮ್ಮ ಕಡೆಯವರಿಗೆ ಮರುದಿನ ಬೆಳಗಿನಿಂದ ಬೇರೆ ಮಾತೇ ಇರಲಿಲ್ಲ. ಆ ಭಾನುವಾರಕ್ಕೆ ಡೈರಿ ಕೊಟ್ಟಿದ್ದು ಅರ್ಧ ಪುಟ! ನೆಂಟರು ಬರುವುದು, ಮಕ್ಕಳು ಊರಿಗೆ ಬರುವುದು, ಮನೆಯಲ್ಲಿ ಜಗಳ ಆಗುವುದು, ಎಲ್ಲಾ ಅವತ್ತೇ ಅಲ್ವಾ. ಅದಕ್ಕೆ ಏಳು ದಿನಕ್ಕೂ ಪೂರ್ತಿ ಪುಟ ಇರುವುದನ್ನೇ ಕೇಳಿ ತಗೊಳ್ಳಿ.

ಪುಟದ ಎಡಗಡೆ 8, 9, 10 ಅಂತ ಗಂಟೆ ಅಚ್ಚಾಗಿದ್ದರೆ ಅದೂ ಬೇಡ. ಆ ಅಂಕಿಗಳ ಮೇಲೆ ನಿಮ್ಮ ಮಾತು ಹತ್ತಿ ಇಳಿಯಬೇಕಾಗುತ್ತದೆ.

ಮುಂದಿನದು ಗೆರೆ. ಇದನ್ನು ಯಾರೂ ಹೇಳುವುದಿಲ್ಲ, ಯಾಕಂದರೆ ಪ್ಲ್ಯಾನರ್ ಬಗ್ಗೆ ಸಲಹೆ ಕೊಡುವವರೆಲ್ಲ ಇಂಗ್ಲಿಷಿನಲ್ಲಿ ಬರೆಯುವವರು. ಕನ್ನಡಕ್ಕೆ ಮೇಲೆ ಗುಡಿಸು ಇದೆ, ಕೆಳಗೆ ಒತ್ತು ಇದೆ. 'ರಾಷ್ಟ್ರ' ಅಂತ ಬರೆದು ನೋಡಿ, ಟ, ರ ಎರಡೂ ಒತ್ತು ಕೆಳಗೆ ಇಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. ಗೆರೆಯಿಂದ ಗೆರೆಗೆ 6 ಮಿ.ಮೀ. ಇದ್ದರೆ ಒಂದೋ ಅಕ್ಷರ ಇರುವೆ ಗಾತ್ರಕ್ಕೆ ಇಳಿಯುತ್ತದೆ, ಇಲ್ಲಾ ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯಬೇಕು. 8 ಮಿ.ಮೀ. ಇದ್ದರೆ ಆರಾಮ, 7 ಆದರೆ ಹೇಗೋ ನಡೆಯುತ್ತದೆ. ಕಣ್ಣಳತೆ ಬೇಡ, ಬ್ಯಾಗಿನಲ್ಲಿ ಸ್ಕೇಲು ಇರುತ್ತದಲ್ಲ ಟೀಚರ್, ಹತ್ತು ಗೆರೆ ಸಂದು ಅಳೆಯಿರಿ. 8 ಸೆಂ.ಮೀ. ಬಂತಾ, ತಗೊಳ್ಳಿ.

ಹಾಳೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ. ಬಾಲ್ ಪೆನ್ನಿಗೆ 70 ಸಾಕು, ಇಂಕ್ ಪೆನ್ನಿಗೆ 80ರಿಂದ 100 ಇರಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ತಪ್ಪಿಲ್ಲ, ಆದರೆ ಅಂಕಿ ಒಂದನ್ನೇ ನಂಬಬೇಡಿ. ಮಸಿ ಹೀರದ ಹಾಗೆ ಹಾಳೆಯನ್ನು ಎಷ್ಟು ಹದ ಮಾಡಿದ್ದಾರೆ ಅನ್ನುವುದೇ ಮುಖ್ಯ, ದಪ್ಪ ಹಾಳೆಯಲ್ಲೂ ಮಸಿ ಹರಡುವುದುಂಟು. ನಿಮ್ಮ ಪೆನ್ನು, ನಿಮ್ಮ ಇಂಕೇ ತಗೊಂಡು ಹೋಗಿ. ಅಂಗಡಿಯವರನ್ನು ಕೇಳಿ ಕೊನೆಯಲ್ಲಿರುವ ಟಿಪ್ಪಣಿ ಪುಟದ ಮೂಲೆಯಲ್ಲಿ ಎರಡು ಪದ ಬರೆಯಿರಿ, ಸ್ವಲ್ಪ ಹೊತ್ತು ಬಿಟ್ಟು ಹಾಳೆ ತಿರುವಿ. ಹಿಂದೆ ನೆರಳಿನ ಹಾಗೆ ಕಂಡರೆ ಪರವಾಗಿಲ್ಲ, ಚುಕ್ಕೆ ಚುಕ್ಕೆಯಾಗಿ ಮಸಿಯೇ ತೂರಿ ಬಂದಿದ್ದರೆ ಹಿಂಬದಿಯ ಪುಟದ ದಿನಕ್ಕೆ ಜಾಗ ಹೋದಂತೆ. ಬರೆಯಲು ಬಿಡಲ್ಲ ಅಂದರೆ ಬೇರೆ ಅಂಗಡಿ ಇದ್ದೇ ಇದೆ. ಇನ್ನು ನಮ್ಮ ರಾಯಚೂರು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿಯೂ ಅಂಗೈ ಬೆವರುತ್ತದೆ, ಮಾಮೂಲಿ ಇಂಕು ನೀರಿಗೆ ಕರಗುವಂಥದ್ದು. ಕೈ ಕೆಳಗೆ ಒಂದು ಬ್ಲಾಟಿಂಗ್ ಪೇಪರ್ ಇಟ್ಟುಕೊಂಡು ಬರೆಯಿರಿ.

ಬೈಂಡಿಂಗ್ ಹೊಲಿಗೆಯದ್ದೇ ಆಗಬೇಕು. ಡೈರಿಯನ್ನು ಮಧ್ಯಕ್ಕೆ ತೆರೆದು ಟೇಬಲ್ ಮೇಲಿಟ್ಟು ಕೈ ಬಿಡಿ, ತಾನೇ ಮುಚ್ಚಿಕೊಂಡರೆ ಅದು ಅಂಟಿನದ್ದು ಇರಬಹುದು. ಬೆನ್ನಿನ ಮೇಲಿನಿಂದ ಇಣುಕಿ, ಹಾಳೆಗಳು ಕಂತೆ ಕಂತೆಯಾಗಿ ಮಡಚಿದ್ದು, ಒಂದು ಕಂತೆಯ ನಡುವೆ ದಾರ ಕಾಣಬೇಕು. ಬರೀ ಅಂಟು ಬಳಿದದ್ದು ವರ್ಷಗಟ್ಟಲೆ ಸೆಖೆಯಲ್ಲಿ ಒಣಗಿ ಪೆಡಸಾಗುತ್ತದೆ, ಆಮೇಲೆ ಒಂದೊಂದೇ ಹಾಳೆ ಕೈಗೆ ಬರುತ್ತದೆ.

ಅಳತೆ ನಿಮ್ಮಿಷ್ಟ. ಎ5 ಅಂದರೆ 148 × 210 ಮಿ.ಮೀ., ದಿನಕ್ಕೊಂದು ಪುಟದ ಹಾಗೆ 80 ಜಿಎಸ್‌ಎಂ ಹಾಳೆಯಲ್ಲಿ ಮಾಡಿದರೆ ಹಾಳೆಯ ತೂಕವೇ ಹತ್ತಿರ ಹತ್ತಿರ ಅರ್ಧ ಕೇಜಿ. ರಾತ್ರಿ ಮನೆಯಲ್ಲೇ ಬರೆಯುವುದಾದರೆ ತೊಂದರೆಯಿಲ್ಲ, ಟಿಫಿನ್ ಬಾಕ್ಸ್ ಜೊತೆ ಬ್ಯಾಗಿನಲ್ಲಿ ಹೊರುವುದಾದರೆ ಯೋಚಿಸಿ.

ಕೊನೆಯದಾಗಿ, ಬರೆಯದೆ ಬಿಟ್ಟ ದಿನವನ್ನು ಆಮೇಲೆ ನೆನಪಿಸಿಕೊಂಡು ತುಂಬಿಸಲು ಹೋಗಬೇಡಿ. ಖಾಲಿ ಬಿಡಿ. ಒಂದು ದಿನ ಹತ್ತು ಸಾಲಿಗೆ ನಿಲ್ಲದೆ ಮೂರು ಪುಟ ಬೇಕೆನಿಸಿದಾಗ ಆ ಖಾಲಿ ಪುಟಕ್ಕೆ ಹೋಗಿ, ಮೇಲೆ 'ಆಗಸ್ಟ್ 11ರದ್ದು ಮುಂದುವರಿದಿದೆ' ಅಂತ ಬರೆದರೆ ಆಯಿತು.

ಪ್ರಶ್ನೆ: ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಇದುವರೆಗೆ ದಿನಚರಿ ಬರೆದಿಲ್ಲ. ಜಪಾನಿನ ಹೊಬೊನಿಚಿ ಪ್ಲ್ಯಾನರ್ ಅಂದರೆ ಎಲ್ಲರೂ ಬಾಯಿ ಬಿಡುತ್ತಾರೆ. ತರಿಸಲಾ ಸರ್?
– ಒಬ್ಬ ಓದುಗ, ಬಳ್ಳಾರಿ

ಉತ್ತರ: ಒಳ್ಳೇ ವಸ್ತು, ಅದರಲ್ಲಿ ಎರಡು ಮಾತಿಲ್ಲ. 2002ರ ವರ್ಷಕ್ಕೆ ಅಂತ ಮೊದಲ ಸಲ ಬಂದದ್ದು. ದಿನಕ್ಕೊಂದು ಪುಟ, ಹೊಲಿದ ಬೈಂಡಿಂಗ್, ಹಾಳೆ ಬರೀ 52 ಜಿಎಸ್‌ಎಂ, ಅಷ್ಟು ತೆಳುವಾದರೂ ಇಂಕು ಹಿಂದಕ್ಕೆ ತೂರುವುದು ಅಪರೂಪ. ಮೇಲೆ ಹಾಳೆಯ ಹದ ಅಂದೆನಲ್ಲ, ಅದಕ್ಕೆ ಇದೇ ಸಾಕ್ಷಿ. ತೊಂದರೆ ಬೇರೆ ಕಡೆ ಇದೆ. ಅದರ ಮೂಲ ಅಳತೆ ಎ6, ಅಂದರೆ ಎ5ರ ಅರ್ಧ, ಗೆರೆಯ ಬದಲು ಪುಟ್ಟ ಪುಟ್ಟ ಚೌಕ. ಒಂದು ಚೌಕದಲ್ಲಿ ಕನ್ನಡ ಬರೆಯಲು ಆಗುವುದಿಲ್ಲ, ಎರಡು ಸಾಲು ಸೇರಿಸಿ ಒಂದು ಮಾಡಿಕೊಳ್ಳಬೇಕು. ಸಾಗಣೆ, ಸುಂಕ ಎಲ್ಲಾ ಸೇರಿ ಬೆಲೆ ಏರುವುದು ಬೇರೆ. ದುಬಾರಿ ಪುಸ್ತಕದಲ್ಲಿ ಇನ್ನೊಂದು ಕಾಟ, ಇಷ್ಟು ದುಡ್ಡು ಕೊಟ್ಟಿದ್ದೀನಿ, ಕೆಟ್ಟ ಅಕ್ಷರದಲ್ಲಿ ಬರೆಯಬಾರದು, ಸಣ್ಣಪುಟ್ಟ ವಿಷಯ ಬರೆಯಬಾರದು ಅಂತ ಕೈ ಹಿಂದೆ ಸರಿಯುತ್ತದೆ. ದಿನಚರಿಯಲ್ಲಿ ಇರುವುದೇ ಸಣ್ಣಪುಟ್ಟ ವಿಷಯ ತಮ್ಮಾ! ಈಗ ಊರಲ್ಲೇ ಸಿಗುವುದನ್ನು ತಗೋ. ಸಂಕ್ರಾಂತಿ ಕಳೆದ ಮೇಲೆ ಕೇಳಿದರೆ ಅಂಗಡಿಯವರು ಬೆಲೆ ಇಳಿಸಿಯೂ ಕೊಡುತ್ತಾರೆ, ಹಳೇ ತಾರೀಖಿನ ಮಾಲು ಅವರಿಗೆ ಭಾರ. ಅದನ್ನು ಅರ್ಧ ವರ್ಷ ಬರೆದ ಮೇಲೂ ಆಸೆ ಉಳಿದಿದ್ದರೆ ತರಿಸು.

ಪ್ರಶ್ನೆ: ಮನೆಯಲ್ಲಿ 2015, 2020, 2021ರ ಡೈರಿಗಳು ಹೆಚ್ಚುಕಡಿಮೆ ಖಾಲಿ ಬಿದ್ದಿವೆ. ನಿವೃತ್ತನಾಗಿದ್ದೇನೆ, ಬರೆಯಲು ಸಮಯ ಇದೆ. ಸುಮ್ನೆ ಯಾಕೆ ಹೊಸದು ಕೊಳ್ಳಬೇಕು?
– ನಿವೃತ್ತ ನೌಕರ, ಕೊಪ್ಪಳ

ಉತ್ತರ: ಕೊಳ್ಳಲೇಬೇಡಿ ಸರ್. ತಾರೀಖು, ವಾರ ಎರಡೂ ಮತ್ತೆ ಮತ್ತೆ ಕೂಡಿ ಬರುತ್ತವೆ. 2015ರ ಡೈರಿ 2026ಕ್ಕೆ, 2021ರದ್ದು 2027ಕ್ಕೆ ಚಾಚೂ ತಪ್ಪದೆ ಹೊಂದುತ್ತದೆ, ತಲೆಯ ಮೇಲಿನ ಇಸವಿ ತಿದ್ದಿಕೊಂಡರೆ ಸಾಕು. 2020 ಅಧಿಕ ವರ್ಷ, ಹಾಗಾಗಿ ಪೂರ್ತಿ ಕೂಡಬೇಕಾದರೆ 2048ರ ತನಕ ಕಾಯಬೇಕು. ಆದರೆ ಮಾರ್ಚ್ 1ರಿಂದ ಮುಂದಕ್ಕೆ ಅದು 2026ಕ್ಕೂ ಹೊಂದುತ್ತದೆ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು, ಎಷ್ಟೋ ಮನೆಗಳಲ್ಲಿ ಡೈರಿ ಖಾಲಿ ಇರುವುದೂ ಅಲ್ಲಿಂದಲೇ. ಹೊಂದದೆ ಇರುವುದು ಹಬ್ಬ ಮಾತ್ರ. ಯುಗಾದಿ, ನಿಮ್ಮೂರ ಗವಿಮಠದ ಜಾತ್ರೆ ಎಲ್ಲಾ ತಿಥಿ ನೋಡಿ ನಡೆಯುವುದು, ಡೈರಿಯ ಮೊದಲಲ್ಲಿರುವ ಹಳೇ ರಜೆ ಪಟ್ಟಿಯ ಮೇಲೆ ಈ ವರ್ಷದ್ದನ್ನು ಅಂಟಿಸಿಬಿಡಿ.

ಅಂಟಿಸುವ ಮಾತು ಬಂತು ಅಂತ ಇನ್ನೊಂದು. ದಿನಚರಿಗೆ ಬಸ್ ಟಿಕೆಟ್ ಅಂಟಿಸುವ ಆಸೆ ಬಹಳ ಜನಕ್ಕೆ ಇರುತ್ತದೆ. ಮಷಿನ್ನಿಂದ ಬರುವ ಟಿಕೆಟ್ಟು, ಅಂಗಡಿ ರಸೀದಿ ಶಾಖದ ಹಾಳೆಯ ಮೇಲೆ ಮೂಡಿದ್ದು, ಅದರಲ್ಲಿ ಇಂಕೇ ಇರುವುದಿಲ್ಲ. ನಮ್ಮ ಬಿಸಿಲಿಗೆ ಬೇಗ ಮಾಸುತ್ತದೆ, ಕೆಲವು ಅಂಟು ತಾಗಿದರೂ ಮಾಸುತ್ತದೆ. ಅಂಟಿಸುವ ಮುಂಚೆ ಎಲ್ಲಿಂದ ಎಲ್ಲಿಗೆ, ಎಷ್ಟು ದುಡ್ಡು ಅಂತ ಪಕ್ಕದಲ್ಲಿ ಬಾಲ್ ಪೆನ್ನಲ್ಲಿ ಬರೆದುಕೊಳ್ಳಿ.