ದೂರದಿಂದ ಓದುವ ಮೀಟರು: ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಸ್ಕಾಂ ವ್ಯಾಪ್ತಿಯ ಹೊಸ ಸಂಪರ್ಕಗಳಿಗೆ 2025ರ ಫೆಬ್ರುವರಿ 15ರಿಂದ ಸ್ಮಾರ್ಟ್ ಮೀಟರ್ ಕಡ್ಡಾಯವಾದ ಮೇಲೆ ಈ ಅಂಕಣಕ್ಕೆ ಅದೇ ವಿಷಯದ ಪತ್ರಗಳು ಬರುತ್ತಲೇ ಇವೆ. ಅವುಗಳಲ್ಲಿ ಬಹುಪಾಲು ಮೀಟರಿನ ಓಟದ ಬಗ್ಗೆ. ದೂರದಿಂದಲೇ ವಿದ್ಯುತ್ ಕಡಿತ ಮಾಡಬಲ್ಲ ಅದರೊಳಗಿನ ಸ್ವಿಚ್ಚಿನ ಬಗ್ಗೆ ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ಆತಂಕದ ವಿಷಯ ಎರಡನೆಯದು. ಆದರೂ ಹೆಚ್ಚು ಜನ ಕೇಳಿದ್ದಕ್ಕೇ ಮೊದಲು ಉತ್ತರಿಸುತ್ತೇನೆ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮನೆ. ಚಕ್ರ ತಿರುಗುವ ಹಳೆಯ ಮೀಟರನ್ನು ತೆಗೆದು ಡಿಜಿಟಲ್ ಮೀಟರ್ ಅಳವಡಿಸಿದ ಮೇಲೆ, ಬಳಕೆ ಹೆಚ್ಚಾಗದಿದ್ದರೂ ಬಿಲ್ ಏರಿದೆ. ಹೊಸ ಮೀಟರುಗಳು ವೇಗವಾಗಿ ಓಡುವಂತೆ ಮಾಡಿರುತ್ತಾರೆಯೇ?
(ಊರಿನ ಹೆಸರು ಬೇಡವೆಂದ ನಿವೃತ್ತ ಶಿಕ್ಷಕರು)

ಉತ್ತರ: ಹಾಗೆ ಮಾಡಿರುತ್ತಾರೆಂದು ಭಾವಿಸಲು ಕಾರಣವಿಲ್ಲ, ಆದರೆ ನಿಮ್ಮ ಬಿಲ್ ಏರಿರುವುದು ಸುಳ್ಳೆಂದೂ ನಾನು ಹೇಳುವುದಿಲ್ಲ. ಚಕ್ರದ ಮೀಟರಿನಲ್ಲಿ ಅಲ್ಯೂಮಿನಿಯಂ ತಟ್ಟೆಯೊಂದು ಬೇರಿಂಗಿನ ಮೇಲೆ ನಿಂತು ತಿರುಗುತ್ತದೆ. ದಶಕಗಳ ಧೂಳು ಮತ್ತು ಸವೆತದಿಂದ ಆ ತಟ್ಟೆ ಸಾಮಾನ್ಯವಾಗಿ ನಿಧಾನವಾಗುತ್ತದೆ, ತೀರ ಸಣ್ಣ ವಿದ್ಯುತ್ ಹರಿವಿಗಂತೂ ಅಲುಗುವುದೇ ಇಲ್ಲ. ಎಲೆಕ್ಟ್ರಾನಿಕ್ ಮೀಟರಿಗೆ ತಿರುಗಬೇಕಾದ ಭಾಗವೇ ಇಲ್ಲವಾದ್ದರಿಂದ ಅದು ಆ ಸಣ್ಣ ಹರಿವನ್ನೂ ಬಿಡದೆ ಲೆಕ್ಕ ಹಾಕುತ್ತದೆ. ದಿನವಿಡೀ ಉರಿಯುವ 10 ವಾಟಿನ ಇಂಟರ್ನೆಟ್ ರೌಟರ್ ತಿಂಗಳಿಗೆ 7.2 ಯೂನಿಟ್ ಬಳಸುತ್ತದೆ. ಆಫ್ ಮಾಡಿದಂತೆ ಕಾಣುವ ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್ ಸೇರಿ 5 ವಾಟ್ ಎಳೆದರೂ ತಿಂಗಳಿಗೆ 3.6 ಯೂನಿಟ್ ಆಗುತ್ತದೆ. ಇಷ್ಟು ದಿನ ಲೆಕ್ಕಕ್ಕೆ ಬಾರದೆ ಹೋಗುತ್ತಿದ್ದುದು ಈಗ ಬಿಲ್ಲಿನಲ್ಲಿ ಕಾಣುತ್ತಿರಬಹುದು. ಗೃಹಜ್ಯೋತಿ ಫಲಾನುಭವಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ 2022–23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ನಿಗದಿಯಾದ ಮಿತಿಯನ್ನು ದಾಟಲು ಕೆಲವೊಮ್ಮೆ ಇಂಥ ಹತ್ತು ಯೂನಿಟ್ಟುಗಳೇ ಸಾಕು.

ಹಳೆಯ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದರ ಬಗ್ಗೆ ಮೀಟರ್ ಬದಲಿಸಲು ಬಂದವರು ಹೇಳುವುದು ಅಪರೂಪ. ನಮ್ಮ ದೇಶದ ಒಂದು ಫೇಸಿನ ಎಲೆಕ್ಟ್ರಾನಿಕ್ ಮೀಟರುಗಳು ಕಳ್ಳತನ ತಡೆಯುವ ಉದ್ದೇಶದಿಂದ ವಿದ್ಯುತ್ ತರುವ ಫೇಸ್ ತಂತಿ ಮತ್ತು ಅದು ಹಿಂದಿರುಗುವ ನ್ಯೂಟ್ರಲ್ ತಂತಿ ಎರಡರಲ್ಲಿಯೂ ಹರಿಯುವ ವಿದ್ಯುತ್ತನ್ನು ಅಳೆದು, ಅವೆರಡರ ನಡುವೆ ವ್ಯತ್ಯಾಸ ಕಂಡುಬಂದರೆ ಹೆಚ್ಚಿರುವುದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಸರಿಯಾದ ವೈರಿಂಗಿನಲ್ಲಿ ಎರಡೂ ಸಮವಾಗಿರುವುದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಅಣ್ಣತಮ್ಮಂದಿರು ಪಾಲಾಗಿ ಒಂದೇ ಮನೆಗೆ ಎರಡು ಮೀಟರ್ ಹಾಕಿಸಿಕೊಂಡಾಗ ವೈರಿಂಗ್ ಮಾಡಿದವರು ಫೇಸನ್ನು ಬೇರ್ಪಡಿಸಿ, ನ್ಯೂಟ್ರಲ್ಲನ್ನು ಮಾತ್ರ ಎರಡೂ ಭಾಗಗಳಿಗೆ ಸೇರಿಸಿಯೇ ಬಿಟ್ಟಿರುವುದುಂಟು. ಆಗ ಅಣ್ಣನ ಮನೆಯ ಗೀಸರಿನ ವಿದ್ಯುತ್ತು ಹಿಂದಿರುಗುವಾಗ ಭಾಗಶಃ ತಮ್ಮನ ಮೀಟರಿನ ನ್ಯೂಟ್ರಲ್ ಮೂಲಕ ಹಾದುಹೋಗುತ್ತದೆ, ತಮ್ಮನ ಮೀಟರ್ ಅದನ್ನೂ ಬರೆದುಕೊಳ್ಳುತ್ತದೆ. ನ್ಯೂಟ್ರಲ್ ತಂತಿ ಎಲ್ಲೋ ಅರ್ಥಿಂಗಿಗೆ ತಾಗಿದ್ದರೂ ಎರಡು ತಂತಿಗಳ ಲೆಕ್ಕ ಹೀಗೆಯೇ ತಪ್ಪುತ್ತದೆ. ಚಕ್ರದ ಮೀಟರ್ ಸಾಮಾನ್ಯವಾಗಿ ಒಂದೇ ತಂತಿಯನ್ನು ಅಳೆಯುತ್ತಿದ್ದುದರಿಂದ ಈ ದೋಷ ಬೆಳಕಿಗೆ ಬರುತ್ತಿರಲಿಲ್ಲ. ನಿಮ್ಮದು ಅಜ್ಜನ ಕಾಲದ ಮನೆಯಾದ್ದರಿಂದ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಒಬ್ಬರಿಂದ ಮೊದಲು ಇದನ್ನೇ ಪರೀಕ್ಷೆ ಮಾಡಿಸಿ ಎಂಬುದು ನನ್ನ ಸಲಹೆ.

ಮೀಟರನ್ನು ನೀವೇ ಸ್ಥೂಲವಾಗಿ ಪರಿಶೀಲಿಸಬಹುದು. ಅದರ ಮುಖದ ಮೇಲೆ ಮಿನುಗುವ ಕೆಂಪು ದೀಪವಿರುತ್ತದೆ, ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬ ಸಂಖ್ಯೆಯೂ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಎಷ್ಟೋ ಮೀಟರುಗಳಲ್ಲಿ ಅದು 3,200. ಮನೆಯ ಎಲ್ಲ ಉಪಕರಣಗಳನ್ನು ಆರಿಸಿ, ಪ್ಲಗ್ಗುಗಳನ್ನೂ ಕಿತ್ತು, 100 ವಾಟಿನ ಹಳೆಯ ಬಗೆಯ ಬಲ್ಬೊಂದನ್ನು ಮಾತ್ರ ಹೊತ್ತಿಸಿದರೆ ಅಂಥ ಮೀಟರಿನ ದೀಪ ಹದಿನೈದು ನಿಮಿಷಗಳಲ್ಲಿ ಹೆಚ್ಚುಕಡಿಮೆ 80 ಸಲ ಮಿನುಗಬೇಕು. ಊರಿನ ವೋಲ್ಟೇಜಿಗೆ ತಕ್ಕಂತೆ ಬಲ್ಬಿನ ಬಳಕೆಯೂ ಬದಲಾಗುವುದರಿಂದ ಸ್ವಲ್ಪ ಏರುಪೇರನ್ನು ದೋಷವೆಂದು ತಿಳಿಯಬೇಡಿ. 120 ದಾಟಿದರೆ ಮಾತ್ರ ದೂರು ಕೊಡಿ. ಮೇನ್ ಸ್ವಿಚ್ ಆರಿಸಿದ ಮೇಲೂ ದೀಪ ಮಿನುಗುತ್ತಲೇ ಇದ್ದರೆ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಬೇರೆ ಯಾರದೋ ತಂತಿ ಸೇರಿದೆ, ಅಥವಾ ನಾನು ಮೇಲೆ ಹೇಳಿದ ನ್ಯೂಟ್ರಲ್ ಗೊಂದಲವಿದೆ ಎಂದು ಅನುಮಾನಿಸಬೇಕು.

ಎಲೆಕ್ಟ್ರಾನಿಕ್ ಮೀಟರ್ ತಪ್ಪುವುದೇ ಇಲ್ಲವೆಂದು ವಾದಿಸುವವರನ್ನೂ ನಂಬಬೇಡಿ. ನೆದರ್‌ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಡಿಮ್ಮರಿಗೆ ಜೋಡಿಸಿದ ಎಲ್‌ಇಡಿ ದೀಪಗಳಂಥ ಉಪಕರಣಗಳು ವಿದ್ಯುತ್ತಿನ ಅಲೆಯನ್ನು ವಿಕಾರಗೊಳಿಸಿದಾಗ ಕೆಲವು ಮೀಟರುಗಳು ನಿಜವಾದ ಬಳಕೆಯ ಹಲವು ಪಟ್ಟು ತೋರಿಸಿದ್ದವು. ಅದು ಪ್ರಯೋಗಾಲಯದಲ್ಲಿ ಒಡ್ಡಿದ ಕಠಿಣ ಪರಿಸ್ಥಿತಿ, ಸಾಮಾನ್ಯ ಮನೆಯ ಸ್ಥಿತಿಯಲ್ಲ. ಆದರೂ ದೂರು ಕೊಟ್ಟವರನ್ನು ಗದರಿಸಿ ಕಳುಹಿಸುವ ಹಕ್ಕು ಯಾರಿಗೂ ಇಲ್ಲ ಎಂಬುದಕ್ಕೆ ಈ ಒಂದು ಉದಾಹರಣೆ ಸಾಕು. ಕೇಂದ್ರ ಸರ್ಕಾರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಮೀಟರ್ ತೋರಿಸುವುದಕ್ಕೂ ಬಳಕೆಗೂ ಹೊಂದಾಣಿಕೆಯಿಲ್ಲವೆಂದು ದೂರು ಬಂದರೆ ಐದು ದಿನಗಳೊಳಗೆ ಪಕ್ಕದಲ್ಲೇ ಇನ್ನೊಂದು ತಪಾಸಣಾ ಮೀಟರ್ ಅಳವಡಿಸಿ, ಕನಿಷ್ಠ ಮೂರು ತಿಂಗಳು ಎರಡನ್ನೂ ತಾಳೆ ನೋಡಬೇಕು. ದೂರನ್ನು ಬರವಣಿಗೆಯಲ್ಲಿ ಕೊಟ್ಟು, ಬಿಲ್ಲಿನ ಮೇಲಿರುವ ಆರ್‌.ಆರ್. ಸಂಖ್ಯೆ ನಮೂದಿಸಿ, ಸ್ವೀಕೃತಿ ಪಡೆದುಕೊಳ್ಳಿ.

ಪ್ರಶ್ನೆ: ಮೀಟರ್ ಬದಲಿಸುವ ದಿನ ನಾವು ಏನನ್ನು ಗಮನಿಸಬೇಕು?
(ಗೃಹಿಣಿ, ದಾವಣಗೆರೆ)

ಉತ್ತರ: ಹಳೆಯ ಮೀಟರಿನ ಕೊನೆಯ ಅಂಕಿ ಮತ್ತು ಹೊಸದರ ಮೊದಲ ಅಂಕಿ, ಎರಡನ್ನೂ ಮೀಟರಿನ ಕ್ರಮಸಂಖ್ಯೆ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಮೊದಲ ಬಿಲ್ಲಿನ ತಕರಾರುಗಳಲ್ಲಿ ಎಷ್ಟೋ ಹುಟ್ಟುವುದು ಇಲ್ಲಿಯೇ. ಬಾಗಿಲು ಹಾಕಿದ್ದರಿಂದ ಹಿಂದೆ ಸರಾಸರಿ ಬಿಲ್ ಹಾಕುತ್ತಿದ್ದ ಮನೆಗಳಲ್ಲಿ, ಮೀಟರ್ ಕಿತ್ತಾಗ ಸಿಗುವ ನಿಜವಾದ ಅಂಕಿಯ ವ್ಯತ್ಯಾಸವೆಲ್ಲ ಒಂದೇ ತಿಂಗಳಿಗೆ ಬಂದು ಕೂರುತ್ತದೆ, ದೂಷಣೆ ಮಾತ್ರ ಹೊಸ ಮೀಟರಿನ ತಲೆಗೆ ಬರುತ್ತದೆ.

ಪ್ರಶ್ನೆ: ನಮ್ಮ ಮನೆಗೆ ಮಂಜೂರಾದ ಲೋಡ್ 2 ಕಿಲೋವಾಟ್. ಗೀಸರ್ ಮತ್ತು ನೀರಿನ ಪಂಪ್ ಒಟ್ಟಿಗೆ ಓಡಿದರೆ ಸ್ಮಾರ್ಟ್ ಮೀಟರಿಗೆ ತಿಳಿದುಬಿಡುತ್ತದಂತೆ. ದಂಡ ಹಾಕುತ್ತಾರೆಯೇ?
(ಬ್ಯಾಂಕ್ ಉದ್ಯೋಗಿ, ತುಮಕೂರು)

ಉತ್ತರ: ತಿಳಿಯುವುದು ನಿಜ. ಆದರೆ ಮೀಟರ್ ಲೆಕ್ಕಕ್ಕೆ ಹಿಡಿಯುವುದು ಕ್ಷಣಮಾತ್ರದ ಏರಿಕೆಯನ್ನಲ್ಲ. ಹದಿನೈದು ಅಥವಾ ಮೂವತ್ತು ನಿಮಿಷಗಳ ಅವಧಿಯ ಸರಾಸರಿಯನ್ನು. ಐದು ನಿಮಿಷ ಪಂಪ್ ಓಡಿದ್ದರಿಂದ ಗಾಬರಿಯಾಗಬೇಕಿಲ್ಲ. ಮೇಲೆ ಹೇಳಿದ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2023ರ ಜೂನಿನಲ್ಲಿ ಆದ ತಿದ್ದುಪಡಿಯು ಈ ವಿಷಯದಲ್ಲಿ ಗ್ರಾಹಕರ ಪರವಾಗಿಯೇ ಇದೆ: ಸ್ಮಾರ್ಟ್ ಮೀಟರ್ ತೋರಿಸಿದ ಗರಿಷ್ಠ ಬೇಡಿಕೆಯನ್ನು (ಅಂದರೆ ಆ ಸರಾಸರಿಗಳಲ್ಲಿ ಅತಿ ಹೆಚ್ಚಿನದನ್ನು) ಆಧಾರವಾಗಿಟ್ಟುಕೊಂಡು ಅದನ್ನು ಅಳವಡಿಸುವುದಕ್ಕಿಂತ ಹಿಂದಿನ ಅವಧಿಗೆ ದಂಡ ವಿಧಿಸುವಂತಿಲ್ಲ. ಯಾವ ತಿಂಗಳು ಮಿತಿ ಮೀರಿದೆಯೋ ಆ ತಿಂಗಳ ಬಿಲ್ಲನ್ನು ನಿಜವಾದ ಗರಿಷ್ಠ ಬೇಡಿಕೆಯ ಮೇಲೆ ಲೆಕ್ಕ ಹಾಕಿ, ಅದನ್ನು ಗ್ರಾಹಕರಿಗೆ ಎಸ್‌ಎಂಎಸ್ ಅಥವಾ ಆ್ಯಪ್ ಮೂಲಕ ತಿಳಿಸಬೇಕು. ಮಂಜೂರಾದ ಲೋಡನ್ನೇ ಏರಿಸಬೇಕಾದರೆ ಒಂದು ಹಣಕಾಸು ವರ್ಷದಲ್ಲಿ ಕನಿಷ್ಠ ಮೂರು ಸಲ ಮಿತಿ ಮೀರಿರಬೇಕು. ಬೆಳಿಗ್ಗೆ ಗೀಸರ್ ಆರಿಸಿದ ಮೇಲೆ ಪಂಪ್ ಹಾಕುವ ಅಭ್ಯಾಸ ಮಾಡಿಕೊಂಡರೆ ನಿಮ್ಮ ಮನೆಗೆ ಅದರ ಅಗತ್ಯವೇ ಬಾರದಿರಬಹುದು.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ, ತಾಯಿಯವರು ಉಡುಪಿಯ ಹತ್ತಿರ ಒಬ್ಬರೇ ಇರುತ್ತಾರೆ. ಬಿಲ್ ಕಟ್ಟುವುದು ಒಂದು ದಿನ ತಡವಾದರೆ ಕಚೇರಿಯಲ್ಲಿ ಕುಳಿತೇ ಕರೆಂಟ್ ತೆಗೆದುಬಿಡಬಹುದೇ?
(ಅನಿವಾಸಿ ಓದುಗರು)

ಉತ್ತರ: ಯಂತ್ರಕ್ಕೆ ಅದು ಸಾಧ್ಯ, ಕಾನೂನಿಗೆ ಒಪ್ಪಿಗೆಯಿಲ್ಲ. ಹಿಂದೆ ಲೈನ್‌ಮನ್ ಮನೆಯವರೆಗೆ ಬಂದು ಫ್ಯೂಸ್ ಕೀಳಬೇಕಿತ್ತು. ಬಂದವರು ಒಳಗಿನ ಮುದುಕರನ್ನೋ ಹಸುಗೂಸನ್ನೋ ಕಂಡು, ಸಂಜೆಯೊಳಗೆ ಕಟ್ಟಿಬಿಡಿ ಎಂದು ಹೇಳಿ ಹಿಂದಿರುಗುವುದೂ ಇತ್ತು. ಸ್ಮಾರ್ಟ್ ಮೀಟರಿನೊಳಗಿನ ಸ್ವಿಚ್ಚಿಗೆ ಅಂಥ ದಾಕ್ಷಿಣ್ಯ ಇರುವುದಿಲ್ಲ. ಅದು ತಪ್ಪು ಆದೇಶವನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸುತ್ತದೆ: 2020ರ ಆಗಸ್ಟಿನಲ್ಲಿ, ಜನ್ಮಾಷ್ಟಮಿಯ ದಿನ, ಉತ್ತರ ಪ್ರದೇಶದಲ್ಲಿ ತಪ್ಪಾಗಿ ಹೊರಟ ಒಂದು ಆದೇಶದಿಂದ ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರುಗಳ ಸಂಪರ್ಕ ಒಮ್ಮೆಲೇ ಕಡಿದುಹೋಯಿತು, ಅವರಲ್ಲಿ ಬಾಕಿ ಇಲ್ಲದವರೂ ಇದ್ದರು. ಒಬ್ಬ ಲೈನ್‌ಮನ್ ಎಷ್ಟೇ ತಪ್ಪು ಮಾಡಿದರೂ ಒಂದು ಬೀದಿಗೆ ಮುಗಿಯುತ್ತಿತ್ತು.

2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನ ಪ್ರಕಾರ, ಬಿಲ್ ಕಟ್ಟದವರ ಸಂಪರ್ಕ ಕಡಿಯುವ ಮೊದಲು ಪೂರ್ಣ ಹದಿನೈದು ದಿನಗಳ ಲಿಖಿತ ನೋಟಿಸ್ ಕೊಡಬೇಕು. ಮೀಟರ್ ಬದಲಾಗಿದೆಯೆಂದು ಈ ಕಲಮು ಬದಲಾಗಿಲ್ಲ. ಬಿಲ್ಲಿನ ಮೊತ್ತದ ಬಗ್ಗೆಯೇ ವಿವಾದವಿದ್ದರೆ, ಕೇಳಿದಷ್ಟು ಹಣ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆ ಇರುವುದನ್ನು ಆಕ್ಷೇಪಣೆಯೊಂದಿಗೆ ಠೇವಣಿ ಇಟ್ಟವರ ವಿದ್ಯುತ್ತನ್ನು ವಿವಾದ ಬಗೆಹರಿಯುವವರೆಗೆ ಕಡಿಯುವಂತಿಲ್ಲ. ಬಹಳ ಉಪಯುಕ್ತವಾದ ಈ ರಕ್ಷಣೆಯನ್ನು ಬಳಸಿಕೊಳ್ಳುವವರು ಕಡಿಮೆ.

ಪ್ರಿಪೇಯ್ಡ್ ವ್ಯವಸ್ಥೆಯ ಸ್ವರೂಪ ಬೇರೆ: ಅಲ್ಲಿ ಮೊದಲು ಹಣ ತುಂಬಿ, ನಂತರ ಬಳಸಬೇಕು. ಅದನ್ನು ಒಪ್ಪುವ ಗ್ರಾಹಕರಿಂದ ಭದ್ರತಾ ಠೇವಣಿ ಕೇಳುವಂತಿಲ್ಲ ಎಂದು ಅದೇ ಕಾಯ್ದೆಯ 47ನೇ ಕಲಮು ಹೇಳುತ್ತದೆ. ನೀವು ದುಬೈಯಿಂದಲೇ ಎಷ್ಟು ಹಣ ಉಳಿದಿದೆಯೆಂದು ನೋಡಿ ಮತ್ತೆ ತುಂಬಬಹುದೆಂಬುದು ಒಂದು ಅನುಕೂಲ. ಆದರೆ ತುಂಬಿದ ಹಣ ಮುಗಿಯುತ್ತಿದೆ ಎಂಬ ಎಸ್‌ಎಂಎಸ್ ಯಾರ ಮೊಬೈಲಿಗೆ ಹೋಗುತ್ತದೆ ಎಂಬುದನ್ನು ಖಾತರಿಪಡಿಸಿಕೊಳ್ಳಿ. ಮೀಟರ್ ತೀರಿಹೋದ ತಂದೆಯವರ ಹೆಸರಿನಲ್ಲಿದ್ದು, ಕಚೇರಿಯ ದಾಖಲೆಯಲ್ಲಿ ಅವರದೇ ಹಳೆಯ ಸಂಖ್ಯೆ ಉಳಿದಿರುವ ಮನೆಗಳು ಬಹಳ. ಊರಿಗೆ ಬಂದಾಗ ಹೆಸರು ಬದಲಾವಣೆಯನ್ನೂ ಸಂಖ್ಯೆ ಬದಲಾವಣೆಯನ್ನೂ ಮಾಡಿಸಿ.

ಪ್ರಶ್ನೆ: ಹೊಸ ಮನೆಗೆ ಸಂಪರ್ಕ ಕೇಳಿದರೆ ಮೀಟರಿಗೇ ಐದು ಸಾವಿರ ರೂಪಾಯಿ ಎನ್ನುತ್ತಾರೆ. ಬೇರೆ ರಾಜ್ಯಗಳಲ್ಲಿ ಉಚಿತವಂತೆ. ಇದು ನ್ಯಾಯವೇ?
(ಗುತ್ತಿಗೆದಾರರು, ಬೆಂಗಳೂರು)

ಉತ್ತರ: ಉಚಿತ ಎಂಬುದು ಪೂರ್ತಿ ನಿಜವಲ್ಲ. ಕೇಂದ್ರ ಸರ್ಕಾರವು 2021ರಲ್ಲಿ ಆರಂಭಿಸಿದ, ಆರ್‌ಡಿಎಸ್‌ಎಸ್ ಎಂದು ಕರೆಯಲಾಗುವ ವಿತರಣಾ ಸುಧಾರಣಾ ಯೋಜನೆಯಡಿ ಪ್ರಿಪೇಯ್ಡ್ ಮೀಟರಿನ ವೆಚ್ಚದ ಶೇ 15ರಷ್ಟು, ಗರಿಷ್ಠ 900 ರೂಪಾಯಿ, ಅನುದಾನವಾಗಿ ಸಿಗುತ್ತದೆ. ವಿಶೇಷ ವರ್ಗದ ರಾಜ್ಯಗಳಿಗೆ ಇದು ಇನ್ನೂ ಹೆಚ್ಚು. ಉಳಿದ ಹಣವನ್ನು ಖಾಸಗಿ ಗುತ್ತಿಗೆ ಸಂಸ್ಥೆ ಮೊದಲು ಹೂಡಿ, ವಿತರಣಾ ಕಂಪನಿಯಿಂದ ವರ್ಷಗಟ್ಟಲೆ ತಿಂಗಳ ಕಂತಿನಲ್ಲಿ ಪಡೆಯುತ್ತದೆ. ಆ ಕಂತು ಕೊನೆಗೆ ವಿದ್ಯುತ್ ದರದ ಮೂಲಕವೋ ಸರ್ಕಾರದ ಬೊಕ್ಕಸದ ಮೂಲಕವೋ ಜನರಿಂದಲೇ ಬರಬೇಕು. ಕರ್ನಾಟಕ ಆ ಯೋಜನೆಗೆ ಸೇರಲಿಲ್ಲ. ಇಲ್ಲಿ 2025ರಲ್ಲಿ ವ್ಯವಸ್ಥೆ ಜಾರಿಯಾದಾಗ ಒಂದು ಫೇಸಿನ ಮೀಟರಿಗೆ 4,998 ರೂಪಾಯಿ ನಿಗದಿಯಾಗಿ, ಅದನ್ನು ಹೊಸ ಗ್ರಾಹಕರು ಒಂದೇ ಸಲ ಕಟ್ಟಬೇಕಾಯಿತು. ಹಿಂದಿನ ಸಾಮಾನ್ಯ ಮೀಟರಿನ ಬೆಲೆಗೆ ಹೋಲಿಸಿದರೆ ಇದು ಹಲವು ಪಟ್ಟು ಎಂಬ ಆಕ್ಷೇಪ ವಿಧಾನಮಂಡಲದಲ್ಲಿಯೂ ಹೈಕೋರ್ಟಿನಲ್ಲಿಯೂ ಕೇಳಿಬಂತು.

ನನ್ನ ಅಭಿಪ್ರಾಯ ಕೇಳಿದ್ದರಿಂದ ಹೇಳುತ್ತೇನೆ. ದೂರದಿಂದ ಓದುವುದರ ಲಾಭದಲ್ಲಿ ದೊಡ್ಡ ಪಾಲು ಕಂಪನಿಯದು: ಓದುವವರ ಖರ್ಚು ಉಳಿಯುತ್ತದೆ, ಸೋರಿಕೆ ಯಾವ ಟ್ರಾನ್ಸ್‌ಫಾರ್ಮರಿನ ಕೆಳಗೆ ಎಂಬುದು ಪತ್ತೆಯಾಗುತ್ತದೆ, ಬಾಕಿ ಬೇಗ ವಸೂಲಾಗುತ್ತದೆ. ಲಾಭ ಯಾರಿಗೋ ವೆಚ್ಚದ ಬಹುಪಾಲೂ ಅವರದೇ ಆಗಬೇಕು. ಹೊಸದಾಗಿ ಮನೆ ಕಟ್ಟಿದ ಒಂದೇ ಕಾರಣಕ್ಕೆ ಕೆಲವರು ಮಾತ್ರ ಅದನ್ನು ಪೂರ್ತಿಯಾಗಿ ಹೊರುವುದು ಸರಿಯೆನಿಸುವುದಿಲ್ಲ.

ಪ್ರಶ್ನೆ: ನಾವು ಯಾವಾಗ ಏಳುತ್ತೇವೆ, ಯಾವಾಗ ಊರಿಗೆ ಹೋಗುತ್ತೇವೆ ಎಂಬುದೆಲ್ಲ ಕಂಪನಿಗೆ ತಿಳಿಯುತ್ತದೆಯೇ?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಅರ್ಧ ಗಂಟೆಗೊಮ್ಮೆ ದಾಖಲಾಗುವ ಬಳಕೆಯನ್ನು ಸಾಲಾಗಿ ನೋಡಿದವರಿಗೆ ಅದನ್ನು ಊಹಿಸುವುದು ಕಷ್ಟವಲ್ಲ. ನೆದರ್‌ಲೆಂಡ್ಸಿನ ಸಂಸತ್ತಿನ ಮೇಲ್ಮನೆ 2009ರಲ್ಲಿ ಕಡ್ಡಾಯ ಸ್ಮಾರ್ಟ್ ಮೀಟರ್ ಮಸೂದೆಯನ್ನು ಖಾಸಗಿತನದ ಕಾರಣಕ್ಕೇ ತಡೆಹಿಡಿಯಿತು, ಮುಂದೆ ಬಂದ ಪರಿಷ್ಕೃತ ಕಾನೂನಿನಲ್ಲಿ ಮೀಟರನ್ನು ನಿರಾಕರಿಸುವ ಅವಕಾಶ ಜನರಿಗೆ ದೊರೆಯಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಹಾಗಿದ್ದರೂ ಮೀಟರಿನ ಮಾಹಿತಿಯನ್ನು ಯಾರು, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಬಿಲ್ಲಿನ ಹಿಂಬದಿಯಲ್ಲಾದರೂ ಅಚ್ಚು ಹಾಕಬೇಕೆಂದು ಗ್ರಾಹಕರು ಒತ್ತಾಯಿಸಬೇಕು.

ಪ್ರಶ್ನೆ: ನಮ್ಮೂರಿನಲ್ಲಿ ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ಲೇ ಇರುವುದಿಲ್ಲ. ಇಂಥ ಮೀಟರ್ ಇಲ್ಲಿ ಏನು ಮಾಡುತ್ತದೆ?
(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ)

ಉತ್ತರ: ಅಳೆಯುವ ಕೆಲಸಕ್ಕೆ ಸಿಗ್ನಲ್ ಬೇಕಿಲ್ಲ. ಮೀಟರ್ ತನ್ನ ನೆನಪಿನಲ್ಲಿ ವಾರಗಟ್ಟಲೆ ದಾಖಲೆ ಇಟ್ಟುಕೊಂಡಿದ್ದು, ಸಂಪರ್ಕ ಸಿಕ್ಕಾಗ ಕಳುಹಿಸುತ್ತದೆ. ಕೆಲವು ಕಡೆ ಒಂದು ಮೀಟರ್ ಪಕ್ಕದ ಮೀಟರಿಗೆ ರೇಡಿಯೊ ಮೂಲಕ ಮಾಹಿತಿ ದಾಟಿಸಿ ಊರಾಚೆಯ ಪೆಟ್ಟಿಗೆಗೆ ತಲುಪಿಸುವ ವ್ಯವಸ್ಥೆಯೂ ಇದೆ, ಆದರೆ ತೋಟಕ್ಕೊಂದು ಮನೆಯಿರುವ ಮಲೆನಾಡಿನಲ್ಲಿ ಮನೆಗಳ ಅಂತರವೇ ಅದಕ್ಕೆ ಅಡ್ಡಿಯಾಗುತ್ತದೆ. ಅಂಥಲ್ಲಿ ಗ್ರಾಮ ವಿದ್ಯುತ್ ಪ್ರತಿನಿಧಿಯೇ ಬಂದು ಓದಬೇಕಾದೀತು. ತೆರೆಯ ಮೇಲಿನ ಅಂಕಿಯನ್ನು ನೀವೂ ತಿಂಗಳಿಗೊಮ್ಮೆ ಬರೆದಿಟ್ಟುಕೊಳ್ಳಿ. ಸಿಗ್ನಲ್ ಇಲ್ಲದ ತಿಂಗಳು ಸರಾಸರಿ ಬಿಲ್ ಬಂದರೆ ಆ ಅಂಕಿಯನ್ನು ತೋರಿಸಿ ಉಪವಿಭಾಗದ ಕಚೇರಿಯಲ್ಲಿ ತಿದ್ದಿಸಬಹುದು. ಅಲ್ಲಿ ಆಗದಿದ್ದರೆ ವಿದ್ಯುಚ್ಛಕ್ತಿ ಕಾಯ್ದೆಯ 42ನೇ ಕಲಮಿನಡಿ ಇರುವ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ, ಅಲ್ಲಿಂದ ಮುಂದೆ ವಿದ್ಯುತ್ ಓಂಬುಡ್ಸ್‌ಮನ್‌ಗೆ ಅರ್ಜಿ ಸಲ್ಲಿಸಬಹುದು.